ಶಯನಕಾಲದ ಎರಡು ಮಾತ್ರೆಗಳು

ಹಗಲಿನಲ್ಲಿ ಹತ್ತು ಕೆಲಸಗಳ ನಡುವೆ ಮರೆತುಹೋಗುವ ಮೊಣಕಾಲಿನ ಬೇನೆಯೂ, ನಡುವಿನ ಸೆಳೆತವೂ, ಮಧುಮೇಹಿಯ ಅಂಗಾಲಿನ ಉರಿಯೂ ದೀಪವಾರಿದ ಮೇಲೆ ಇಮ್ಮಡಿಯಾಗಿ ತೋರುವುದು ಸರ್ವರ ಅನುಭವಕ್ಕೂ ಬಂದಿರುವ ಸಂಗತಿ. ನೋವು ನಿದ್ರೆಯನ್ನು ಕೆಡಿಸುವುದು; ಕೆಟ್ಟ ನಿದ್ರೆ ಮರುದಿನದ ನೋವನ್ನು ಬೆಳೆಸುವುದು; ಈ ಎರಡರ ಇಕ್ಕಟ್ಟಿನಲ್ಲಿ ಸಿಕ್ಕಿದ ರೋಗಿಯು ಒಂದೇ ಲೋಟ ನೀರಿನೊಡನೆ ನೋವಿನ ಮಾತ್ರೆಯನ್ನೂ ನಿದ್ರೆಯ ಮಾತ್ರೆಯನ್ನೂ ನುಂಗಿ ಮಲಗಬಯಸಿದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಆದರೆ ಈ ಸಹಸೇವನೆಯ ವಿಷಯದಲ್ಲಿ ವೈದ್ಯಶಾಸ್ತ್ರವು ನಡೆದು ಬಂದ ದಾರಿಯನ್ನು ತಿರುಗಿ ನೋಡಿದರೆ ಒಂದು ಸಂಗತಿ ಪದೇ ಪದೇ ಎದುರಾಗುತ್ತದೆ: ಪ್ರತಿಯೊಂದು ತಲೆಮಾರೂ ಹೊಸ ಔಷಧವನ್ನು ಒಂಟಿಯಾಗಿ ಪರೀಕ್ಷಿಸಿ ಅದು ನಿರಪಾಯವೆಂದು ಸಾರಿತು; ಜನರು ಮಾತ್ರ ಅದನ್ನು ಒಂಟಿಯಾಗಿ ಸೇವಿಸಲಿಲ್ಲ.

ಮೊದಮೊದಲು ಎರಡು ಮದ್ದುಗಳ ಪ್ರಶ್ನೆಯೇ ಇರಲಿಲ್ಲ. ನೋವನ್ನು ತಣಿಸುವುದೂ ನಿದ್ರೆಯನ್ನು ತರುವುದೂ ಅಫೀಮಿನ ಕೆಲಸವಾಗಿದ್ದಿತು. ನಮ್ಮ ಶಾರ್ಙ್ಗಧರ ಸಂಹಿತೆಯಲ್ಲಿ ಅದು ಅಹಿಫೇನವೆಂಬ ಹೆಸರಿನಿಂದ ಬರುತ್ತದೆ. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ವೈದ್ಯ ಥಾಮಸ್ ಸಿಡನ್‌ಹ್ಯಾಮ್ ಅದನ್ನು ದ್ರಾಕ್ಷಾಮದ್ಯದಲ್ಲಿ ಕರಗಿಸಿ ಲಾಡನಮ್ ಎಂದು ಕೊಟ್ಟನು; 1732ರಲ್ಲಿ ಥಾಮಸ್ ಡೋವರ್ ಪ್ರಕಟಿಸಿದ, ಅಫೀಮೂ ಇಪಿಕಾಕ್ ಬೇರೂ ಬೆರೆತ ಚೂರ್ಣವು ಇನ್ನೂರು ವರ್ಷಗಳ ಕಾಲ ಮಲಗುವ ಹೊತ್ತಿನ ಔಷಧವಾಗಿ ಉಳಿಯಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಪಾಡರ್‌ಬೋರ್ನ್ ಪಟ್ಟಣದ ಔಷಧಶಾಲೆಯಲ್ಲಿ ಕೆಲಸಮಾಡುತ್ತಿದ್ದ ತರುಣ ಸೆರ್ಟುರ್ನರ್ ಅಫೀಮಿನಿಂದ ಮಾರ್ಫೀನನ್ನು ಬೇರ್ಪಡಿಸಿದ ಬಳಿಕ ಪ್ರಮಾಣವನ್ನು ತೂಗಿ ಕೊಡುವುದು ಸಾಧ್ಯವಾಯಿತು. ಅತಿಯಾದರೆ ಉಸಿರು ನಿಲ್ಲುವುದೆಂಬುದು ಆಗಲೇ ತಿಳಿದಿದ್ದಿತು; ಮದ್ದು ಒಂದೇ ಆದುದರಿಂದ ಎಚ್ಚರವೂ ಒಂದೇ ಸಾಲುತ್ತಿದ್ದಿತು.

ಈ ಏಕತ್ವವು ಒಡೆದದ್ದು ರಸಾಯನಶಾಸ್ತ್ರದ ಪ್ರಗತಿಯಿಂದ. 1857ರಲ್ಲಿ ಬ್ರೋಮೈಡು, 1869ರಲ್ಲಿ ಲೀಬ್ರೈಷ್ ಬಳಕೆಗೆ ತಂದ ಕ್ಲೋರಲ್ ಹೈಡ್ರೇಟ್, 1903ರಲ್ಲಿ ಎಮಿಲ್ ಫಿಷರ್ ಮತ್ತು ಫಾನ್ ಮೆರಿಂಗ್ ಇಬ್ಬರೂ ಲೋಕಕ್ಕೆ ಪರಿಚಯಿಸಿದ ವೆರೋನಲ್, 1912ರಲ್ಲಿ ಲ್ಯೂಮಿನಲ್, ಹೀಗೆ ನಿದ್ರಾಜನಕಗಳ ಪ್ರತ್ಯೇಕ ಸಂತತಿಯೊಂದು ಹುಟ್ಟಿಕೊಂಡಿತು; ಇನ್ನೊಂದು ಕಡೆ 1899ರಲ್ಲಿ ಆಸ್ಪಿರಿನ್ ಪೇಟೆಗೆ ಬಂದು, ನಿದ್ರೆಯ ಗೊಡವೆಗೆ ಹೋಗದೆ ನೋವನ್ನು ಮಾತ್ರ ಇಳಿಸುವ ಔಷಧಗಳ ಸಾಲು ಆರಂಭವಾಯಿತು. ಬೇರೆಯಾದ ಈ ಎರಡು ಶಾಖೆಗಳನ್ನು ಮತ್ತೆ ಹೆಣೆಯಲು ವ್ಯಾಪಾರಿಗಳಿಗೆ ಹೆಚ್ಚು ಕಾಲ ಬೇಕಾಗಲಿಲ್ಲ. 1920ರ ದಶಕದಲ್ಲಿ ವೆರಮಾನ್, ಅಲ್ಲೋನಲ್ ಮೊದಲಾದ ಮಾತ್ರೆಗಳು ಬಾರ್ಬಿಟ್ಯುರೇಟನ್ನೂ ಅಮೈಡೋಪೈರಿನ್ ಎಂಬ ನೋವುಶಾಮಕವನ್ನೂ ಒಂದಾಗಿಸಿ, ತಲೆನೋವಿನಿಂದ ನಿದ್ರೆಗೆಟ್ಟವರ ಪಾಲಿಗೆ ವರದಂತೆ ಬಂದವು. 1934ರಲ್ಲಿ ಅಮೆರಿಕದ ಮ್ಯಾಡಿಸನ್ ಮತ್ತು ಸ್ಕ್ವಯರ್ ಎಂಬ ವೈದ್ಯರು, ಇಂಥ ಮಾತ್ರೆಗಳನ್ನು ಸೇವಿಸಿದ ಕೆಲವರ ರಕ್ತದಲ್ಲಿ ಬಿಳಿಯ ಕಣಗಳು ನಾಶವಾಗುವುದನ್ನು ಕಂಡು ಅಮೈಡೋಪೈರಿನ್ನಿನ ದೋಷವನ್ನು ಬಯಲಿಗೆಳೆದರು. ಅದು ದೊಡ್ಡ ಉಪಕಾರವೇ ಸರಿ. ಆದರೆ ವಿಚಾರಣೆಯೆಲ್ಲ ರಕ್ತದ ಕಡೆಗೆ ತಿರುಗಿದುದರಿಂದ, ಎರಡು ಮದ್ದುಗಳು ಕೂಡಿ ಉಸಿರಿಗೆ ಏನು ಮಾಡುವುವೆಂಬ ಪ್ರಶ್ನೆಯು ಹಾಗೆಯೇ ಉಳಿಯಿತು. ಹಳತಾದ ಈ ನಿದ್ರಾಜನಕಗಳು ಪುಸ್ತಕದ ಪುಟಗಳಲ್ಲಿ ಅಡಗಿಹೋದುವೆಂದು ಯಾರೂ ಭಾವಿಸಬಾರದು. ನಮ್ಮ ರಾಯಚೂರಿನ ಸೀಮೆಯಲ್ಲಿ ಸಿಎಚ್ ಪುಡಿಯೆಂದು ಕರೆಯಿಸಿಕೊಂಡು ಕಲಬೆರಕೆ ಸೇಂದಿಯೊಳಗೆ ಸೇರುವ ವಸ್ತುವು 1869ರ ಆ ಕ್ಲೋರಲ್ ಹೈಡ್ರೇಟೇ ಆಗಿದೆ. ದುಡಿದು ದಣಿದು ಸಂಜೆ ಅದನ್ನು ಕುಡಿದವನು ರಾತ್ರಿ ಮೈಕೈ ನೋವಿಗೆಂದು ಒಂದು ಮಾತ್ರೆಯನ್ನು ನುಂಗಿದರೆ, ತಾನು ಸೇವಿಸಿದ ಔಷಧಗಳು ಎರಡೆಂಬುದು ಅವನಿಗೇ ಗೊತ್ತಿರುವುದಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಬಾರ್ಬಿಟ್ಯುರೇಟುಗಳ ಅಪಾಯವನ್ನು ಕಂಡು ಬೇಸತ್ತಿದ್ದ ವೈದ್ಯಲೋಕಕ್ಕೆ, ಹಾಫ್‌ಮನ್ ಲಾ ರೋಶ್ ಸಂಸ್ಥೆಯ ಲಿಯೋ ಸ್ಟರ್ನ್‌ಬಾಕ್ ಕಂಡುಹಿಡಿದ ಬೆಂಜೊಡಯಜೆಪೀನುಗಳು ದೊಡ್ಡ ನೆಮ್ಮದಿಯನ್ನು ತಂದುವು. 1960ರಲ್ಲಿ ಲಿಬ್ರಿಯಮ್, 1963ರಲ್ಲಿ ವ್ಯಾಲಿಯಮ್ ಎಂಬ ಡಯಾಜೆಪಾಮ್ ಬಂದುವು. ಇವನ್ನು ಹಿಡಿತುಂಬ ನುಂಗಿದವರೂ ಬೇರೇನನ್ನೂ ಸೇವಿಸದಿದ್ದರೆ ಬಹುಮಟ್ಟಿಗೆ ಬದುಕಿ ಉಳಿಯುತ್ತಿದ್ದರಾದ ಕಾರಣ ಇವುಗಳ ನಿರಪಾಯತೆಯ ಕೀರ್ತಿ ಬೇಗನೆ ಹಬ್ಬಿತು. ಆ ಕೀರ್ತಿ ಸುಳ್ಳಲ್ಲ. ಆದರೆ ‘ಬೇರೇನನ್ನೂ ಸೇವಿಸದಿದ್ದರೆ’ ಎಂಬ ಷರತ್ತು ಕಾಲಕ್ರಮದಲ್ಲಿ ಮರೆತುಹೋಯಿತು.

ಷರತ್ತಿನ ತೂಕವನ್ನು ಅಳೆಯುವ ಸಾಧನಗಳು 1970ರ ದಶಕದಲ್ಲಿ ಒಂದೊಂದಾಗಿ ದೊರೆತವು. ಅಫೀಮಿನ ವರ್ಗದ ಔಷಧಗಳು ಹೋಗಿ ಕೂಡುವ ಗ್ರಾಹಕಗಳು ಮಿದುಳಿನಲ್ಲಿ ಇವೆಯೆಂಬುದು 1973ರಲ್ಲಿಯೂ, ಬೆಂಜೊಡಯಜೆಪೀನುಗಳ ಗ್ರಾಹಕಗಳು 1977ರಲ್ಲಿಯೂ ಸ್ಥಾಪಿತವಾದುವು. ಮೊದಲನೆಯ ವರ್ಗವು ಉಸಿರಾಟದ ತಾಳವನ್ನು ನಿಧಾನಗೊಳಿಸಿ, ರಕ್ತದಲ್ಲಿ ಇಂಗಾಲಾಮ್ಲವಾಯು ಏರಿದಾಗ ಅದನ್ನು ಹೊರಹಾಕುವಂತೆ ಮಿದುಳು ಮಾಡುವ ಒತ್ತಾಯವನ್ನು ಮಂಕುಗೊಳಿಸುತ್ತದೆ. ಎರಡನೆಯದು ಗ್ಯಾಬಾ ಎಂಬ ಶಾಮಕದ್ರವ್ಯದ ಕೈಯನ್ನು ಬಲಪಡಿಸಿ ಎಚ್ಚರವನ್ನೂ ಗಂಟಲಿನ ಸ್ನಾಯುಗಳ ಬಿಗಿಯನ್ನೂ ಸಡಿಲಿಸುತ್ತದೆ. ದಾರಿಗಳು ಬೇರೆಬೇರೆಯಾದರೂ ಇವೆರಡೂ ಸೇರುವ ಊರು ಒಂದೇ.

ಈ ಸಮಸ್ತ ಇತಿಹಾಸದಲ್ಲಿ ನಾನು ಎಲ್ಲಕ್ಕಿಂತ ಮಿಗಿಲಾಗಿ ಗೌರವಿಸುವ ಪ್ರಯೋಗವು 1990ರಲ್ಲಿ ಪ್ರಕಟವಾದದ್ದು. ಅದರ ಗಾತ್ರ ಬಹು ಚಿಕ್ಕದು. ಬೈಲಿ ಮತ್ತು ಅವರ ಸಂಗಡಿಗರಾದ ಅರಿವಳಿಕೆ ತಜ್ಞರು ಆರೋಗ್ಯವಂತರಾದ 12 ಮಂದಿ ಸ್ವಯಂಸೇವಕರಿಗೆ ಮಿಡಜೋಲಾಮ್ ಎಂಬ ಬೆಂಜೊಡಯಜೆಪೀನನ್ನು ಒಂದು ಸಲ, ಫೆಂಟನಿಲ್ ಎಂಬ ಅಫೀಮುವರ್ಗದ ನೋವುಶಾಮಕವನ್ನು ಇನ್ನೊಂದು ಸಲ, ಎರಡನ್ನೂ ಕೂಡಿಸಿ ಮತ್ತೊಂದು ಸಲ ಕೊಟ್ಟು ನೋಡಿದರು. ಮಿಡಜೋಲಾಮ್ ಒಂದನ್ನೇ ಪಡೆದಾಗ ಯಾರ ರಕ್ತದಲ್ಲಿಯೂ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿಯಲಿಲ್ಲ. ಫೆಂಟನಿಲ್ ಒಂದನ್ನೇ ಪಡೆದಾಗ 6 ಮಂದಿಗೆ ಇಳಿಯಿತು. ಎರಡೂ ಕೂಡಿದಾಗ 11 ಮಂದಿಗೆ ಇಳಿದುದಲ್ಲದೆ, 6 ಮಂದಿಯ ಉಸಿರಾಟ ನಿಂತೇಹೋಗಿ ಬಳಿಯಲ್ಲಿದ್ದವರು ಎಚ್ಚರಿಸಬೇಕಾಯಿತು. ಸೊನ್ನೆಗೆ ಆರನ್ನು ಕೂಡಿಸಿದರೆ ಆರೇ ಬರಬೇಕೆಂಬ ಲೆಕ್ಕಾಚಾರವು ಶರೀರದಲ್ಲಿ ನಡೆಯುವುದಿಲ್ಲ. ಅಲ್ಲಿದ್ದವರು ತಜ್ಞರು, ಬೆರಳಿಗೆ ಆಮ್ಲಜನಕವನ್ನು ಅಳೆಯುವ ಯಂತ್ರವಿದ್ದಿತು, ಪ್ರಯೋಗಕ್ಕೆ ಒಳಗಾದವರು ಎಳೆಯ ವಯಸ್ಸಿನ ನಿರೋಗಿಗಳು. ಮನೆಯ ಮಂಚದ ಮೇಲೆ ಈ ಮೂರರಲ್ಲಿ ಒಂದೂ ಇಲ್ಲ.

ಇದರ ಮೇಲೆ ನಿದ್ರೆಯೇ ಒಂದು ಮೂರನೆಯ ಔಷಧದಂತೆ ವರ್ತಿಸುವುದು. ಯಾವ ಮಾತ್ರೆಯನ್ನೂ ನುಂಗದೆ ಮಲಗಿದವನಲ್ಲಿಯೂ ಉಸಿರಾಟ ಸ್ವಲ್ಪ ತಗ್ಗುತ್ತದೆ, ಇಂಗಾಲಾಮ್ಲವಾಯು ಸ್ವಲ್ಪ ಏರುತ್ತದೆ, ನಾಲಗೆಯ ಬುಡವೂ ಗಂಟಲಿನ ಗೋಡೆಯೂ ಸಡಿಲಗೊಳ್ಳುತ್ತವೆ. ಜೋರಾಗಿ ಗೊರಕೆ ಹೊಡೆಯುವ ಸ್ಥೂಲಕಾಯರಲ್ಲಿ ಶ್ವಾಸಮಾರ್ಗವು ನಡುನಡುವೆ ಮುಚ್ಚಿಕೊಂಡು, ಮಿದುಳು ಅರೆಕ್ಷಣ ಎಚ್ಚತ್ತು ಅದನ್ನು ತೆರೆಯಬೇಕಾಗುತ್ತದೆ. ಆ ಅರೆಕ್ಷಣದ ಎಚ್ಚರವನ್ನೇ ಈ ಎರಡು ಮಾತ್ರೆಗಳು ಕಿತ್ತುಕೊಳ್ಳುವುವು. ಮಧ್ಯಾಹ್ನ ಕುಳಿತಿದ್ದಾಗ ಸಹಿಸಬಲ್ಲ ಪ್ರಮಾಣವು ನಡುರಾತ್ರಿ ಮಲಗಿರುವಾಗ ಮಾರಕವಾಗಬಲ್ಲುದೆಂಬುದಕ್ಕೆ ಕಾರಣವಿದು. ಗಂಟಲಿನಲ್ಲಿ ನೀರು ಗೊಳಗುಟ್ಟುವಂತಹ ಗೊರಕೆಯನ್ನು ಕೇಳಿದ ಮನೆಯವರು, ಎಷ್ಟೋ ದಿನಗಳ ಮೇಲೆ ಸುಖನಿದ್ರೆ ಬಂದಿದೆಯೆಂದು ಬಾಗಿಲೆಳೆದುಕೊಂಡು ಹೋಗುವುದು ಎಷ್ಟು ಸಹಜವೋ ಅಷ್ಟೇ ದಾರುಣ. ಕೂಗಿ ಅಲುಗಿಸಿದರೂ ಏಳದ, ತುಟಿ ನೀಲಿಗಟ್ಟಿದ, ಉಸಿರು ಬಹು ವಿರಳವಾದ ಮನುಷ್ಯನನ್ನು ಮಗ್ಗುಲಿಗೆ ಹೊರಳಿಸಿ 108ಕ್ಕೆ ಕರೆಮಾಡುವುದು ಆಗಿನ ಕರ್ತವ್ಯ. ಅಫೀಮುವರ್ಗದ ಪರಿಣಾಮವನ್ನು ತೊಡೆಯುವ ನ್ಯಾಲೊಕ್ಸೋನ್ 1971ರಿಂದ ಬಳಕೆಯಲ್ಲಿದೆಯಾದರೂ ನಿದ್ರಾಜನಕದ ಮೇಲೆ ಅದಕ್ಕೆ ಅಧಿಕಾರವಿಲ್ಲ.

ಪ್ರಯೋಗಶಾಲೆಯ ಈ ಅರಿವು ಔಷಧಚೀಟಿಯವರೆಗೆ ಬರಲು ಕಾಲು ಶತಮಾನ ಹಿಡಿಯಿತು. ಅಮೆರಿಕದಲ್ಲಿ ಅಫೀಮುವರ್ಗದ ಮಾತ್ರೆಗಳು ಹೊಳೆಯಾಗಿ ಹರಿದ ಆ ವರ್ಷಗಳಲ್ಲಿ, ಖಾಸಗಿ ವಿಮೆಯುಳ್ಳ ರೋಗಿಗಳ ದಾಖಲೆಗಳ ಪ್ರಕಾರ, ಇವನ್ನು ಸೇವಿಸುವವರ ಪೈಕಿ ಜೊತೆಗೆ ಬೆಂಜೊಡಯಜೆಪೀನನ್ನೂ ಪಡೆಯುವವರು 2001ರಲ್ಲಿ ನೂರಕ್ಕೆ 9 ಇದ್ದದ್ದು 2013ರ ವೇಳೆಗೆ 17 ಆಯಿತು. 2008ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಟ ಹೀತ್ ಲೆಜರ್ 28ನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ಎರಡು ನೋವುಶಾಮಕಗಳೂ ಮೂರು ಬೆಂಜೊಡಯಜೆಪೀನುಗಳೂ ನಿದ್ರೆ ತರುವ ಒಂದು ಅಲರ್ಜಿಯ ಔಷಧವೂ ಕೂಡಿ ಆದ ಆಕಸ್ಮಿಕ ಮರಣವೆಂದು ಅಧಿಕೃತ ನಿರ್ಣಯ ಬಂದಿತು. ನಿವೃತ್ತ ಸೈನಿಕರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಅಫೀಮುವರ್ಗದ ಔಷಧ ಪಡೆಯುತ್ತಿದ್ದವರ ಅತಿಸೇವನೆಯ ಮರಣಗಳಲ್ಲಿ ಸುಮಾರು ಅರ್ಧದಷ್ಟು ಈ ಎರಡನ್ನೂ ಒಟ್ಟಿಗೆ ಬರೆಸಿಕೊಂಡಿದ್ದ ಕಾಲದಲ್ಲಿಯೇ ಸಂಭವಿಸಿದ್ದುವು. ಕಟ್ಟಕಡೆಗೆ 2016ರ ಆಗಸ್ಟಿನಲ್ಲಿ ಅಲ್ಲಿಯ ಔಷಧ ನಿಯಂತ್ರಣ ಇಲಾಖೆಯು ಎರಡೂ ವರ್ಗಗಳ ಔಷಧಗಳ ಮಾಹಿತಿಪತ್ರಗಳಲ್ಲಿ ಅತ್ಯಂತ ಕಠಿಣವಾದ, ಚೌಕಟ್ಟು ಹಾಕಿದ ಎಚ್ಚರಿಕೆಯನ್ನು ಅಚ್ಚುಮಾಡಿಸಿತು. ಒಬ್ಬ ವೈದ್ಯ ನೋವಿಗೆ, ಇನ್ನೊಬ್ಬ ನಿದ್ರೆಗೆ, ಮೂರನೆಯವನು ಕೆಮ್ಮಿಗೆ ಕೋಡೀನಿನ ಸಿರಪ್ಪನ್ನು ಬರೆದುಕೊಡುವ ಪದ್ಧತಿಯಲ್ಲಿ ಎಲ್ಲ ಚೀಟಿಗಳನ್ನೂ ಒಟ್ಟಿಗೆ ನೋಡುವ ಕಣ್ಣು ಯಾರದೂ ಆಗಿರಲಿಲ್ಲವೆಂಬುದೇ ಈ ತಡಕ್ಕೆ ಮುಖ್ಯ ಕಾರಣವೆಂದು ನನ್ನ ನಂಬಿಕೆ.

ಭಾರತವು ಈ ವಿಷಯದಲ್ಲಿ ಹಿಂದುಳಿದಿತ್ತೆಂದು ಹೇಳಲಾಗದು. ನೋವುಶಾಮಕವನ್ನೂ ನಿದ್ರಾಜನಕವನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಮಾರುವುದನ್ನು ನಮ್ಮ ಔಷಧ ಕಾನೂನು ನಿಷೇಧಿಸಿದೆ. 2014ರ ಮಾರ್ಚಿನಿಂದ ಆಲ್‌ಪ್ರಜೋಲಾಮ್, ಡಯಾಜೆಪಾಮ್, ಜೋಲ್‌ಪಿಡೆಮ್, ಟ್ರಮಡಾಲ್ ಮೊದಲಾದುವು ಎಚ್-1 ಎಂಬ ಅನುಸೂಚಿಗೆ ಸೇರಿ, ಅಂಗಡಿಯವನು ಕೊಂಡವರ ವಿವರವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕಾಯಿತು. 2018ರಲ್ಲಿ ಟ್ರಮಡಾಲ್ ಮಾದಕವಸ್ತುಗಳ ಕಾಯಿದೆಯ ಹಿಡಿತಕ್ಕೂ ಬಂದಿತು. ಕಾನೂನಿಗೂ ಕೌಂಟರಿಗೂ ಇರುವ ಅಂತರವನ್ನು ಓದುಗರು ಬಲ್ಲರು. ಇಷ್ಟರಿಂದ ಮಾರ್ಫೀನನ್ನು ಕಂಡು ಬೆದರುವುದೂ ತಪ್ಪು. ಬೆಂಗಳೂರಿನ ಕರುಣಾಶ್ರಯದಂತಹ ಉಪಶಾಮಕ ಚಿಕಿತ್ಸೆಯ ಮನೆಗಳಲ್ಲಿ ಅಂತ್ಯಾವಸ್ಥೆಯ ಅರ್ಬುದರೋಗಿಗೆ ಮಾರ್ಫೀನ್ ಒಂದು ಪರಮೋಪಕಾರ. ಅಗತ್ಯಬಿದ್ದಾಗ ಅದರೊಡನೆ ಶಾಮಕವನ್ನು ಕೊಡುವುದೂ ಇಂತಹ ಚಿಕಿತ್ಸೆಯಲ್ಲಿ ಉಂಟು. ಅಲ್ಪಪ್ರಮಾಣದಿಂದ ಆರಂಭಿಸಿ, ಬಳಿಯಿದ್ದು ನೋಡಿ, ಮೆಲ್ಲಮೆಲ್ಲನೆ ಏರಿಸುವುದು ಅಲ್ಲಿಯ ಕ್ರಮ.

ಎಲ್ಲ ನೋವಿನ ಮಾತ್ರೆಗಳೂ ಉಸಿರಿಗೆ ಶತ್ರುಗಳಲ್ಲ. ಯಕೃತ್ತು ಸ್ವಸ್ಥವಾಗಿದ್ದು, ದಿನದ ಒಟ್ಟು ಪ್ರಮಾಣವು ವಯಸ್ಕರ ಪರಮಾವಧಿಯಾದ 4 ಗ್ರಾಮಿನೊಳಗಿದ್ದರೆ ಪ್ಯಾರಸಿಟಮಾಲ್ ಈ ಬಗೆಯ ಕೂಡಿಕೆಯಲ್ಲಿ ಸೌಮ್ಯವಾದದ್ದು. ಐಬುಪ್ರೊಫೆನ್, ಡೈಕ್ಲೊಫೆನಾಕುಗಳು ಜಠರವನ್ನೂ ಮೂತ್ರಪಿಂಡವನ್ನೂ ಪೀಡಿಸಬಹುದೇ ಹೊರತು ಶ್ವಾಸವನ್ನು ಕುಂದಿಸುವುದಿಲ್ಲ. ವೃದ್ಧರಲ್ಲಿ ಮಾತ್ರ ನಿದ್ರಾಜನಕವೇ ಬೇರೊಂದು ಕೇಡನ್ನು ತರುತ್ತದೆ: ನಡುರಾತ್ರಿ ಮೂತ್ರಕ್ಕೆಂದು ಎದ್ದವರು ತೂಕಡಿಕೆಯಲ್ಲಿ ಬಿದ್ದು ಸೊಂಟದ ಮೂಳೆಯನ್ನು ಮುರಿದುಕೊಳ್ಳುವುದಕ್ಕೂ ದೀರ್ಘಕಾಲ ದೇಹದಲ್ಲಿ ನಿಲ್ಲುವ ನಿದ್ರೆಮಾತ್ರೆಗಳಿಗೂ ಇರುವ ನಂಟನ್ನು ವೇಯ್ನ್ ರೇ ಮತ್ತು ಸಂಗಡಿಗರು 1987ರಲ್ಲಿಯೇ ತೋರಿಸಿದರು. ಡಯಾಜೆಪಾಮಿನ ಸತ್ತ್ವವು ಮುಪ್ಪಿನಲ್ಲಿ ಹಲವು ದಿನಗಳವರೆಗೆ ಉಳಿಯುವುದರಿಂದ ಸೋಮವಾರದ ಮಾತ್ರೆಯು ಗುರುವಾರದ ಮಾತ್ರೆಯೊಡನೆ ಕೂಡುತ್ತದೆ. ವರ್ಷಗಟ್ಟಲೆ ಸೇವಿಸಿದವರು ಭಯದಿಂದ ಒಮ್ಮೆಗೇ ಬಿಟ್ಟರೆ ಸೆಳವು ಬರಬಹುದಾದುದರಿಂದ, ವೈದ್ಯರ ಕಣ್ಗಾವಲಿನಲ್ಲಿ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಮದ್ಯದ ವಿಷಯದಲ್ಲಿ ಚರ್ಚೆಗೆ ಎಡೆಯಿಲ್ಲ. ಇವುಗಳಲ್ಲಿ ಯಾವುದರೊಡನೆಯೂ ಅದು ಸಲ್ಲದು.

ಬೆಂಜೊಡಯಜೆಪೀನಿನ ಕೀರ್ತಿ ಇಳಿದಂತೆ ಅದರ ಸ್ಥಾನಕ್ಕೆ ಬಂದುವು ಗ್ಯಾಬಪೆಂಟಿನ್ ಮತ್ತು ಪ್ರೀಗ್ಯಾಬಲಿನ್. ನರದ ನೋವನ್ನು ತಗ್ಗಿಸುತ್ತ ನಿದ್ರೆಯನ್ನೂ ತರುವ ಇವು ಇಂದು ನಮ್ಮ ಊರುಗಳಲ್ಲಿ ಮಧುಮೇಹಿಗಳ ರಾತ್ರಿಯ ಮಾತ್ರೆಗಳಾಗಿವೆ. 2019ರ ಡಿಸೆಂಬರಿನಲ್ಲಿ, ಅಫೀಮುವರ್ಗದ ಔಷಧವನ್ನಾಗಲಿ ಬೇರೆ ಶಾಮಕವನ್ನಾಗಲಿ ಸೇವಿಸುವವರಲ್ಲಿಯೂ, ವೃದ್ಧರಲ್ಲಿಯೂ, ಶ್ವಾಸಕೋಶದ ವ್ಯಾಧಿಯುಳ್ಳವರಲ್ಲಿಯೂ ಇವು ಉಸಿರನ್ನು ಕುಂದಿಸಬಹುದೆಂದು ಅಮೆರಿಕದ ಅದೇ ಇಲಾಖೆ ಎಚ್ಚರಿಸಿತು. ಇವೆರಡೂ ದೇಹವನ್ನು ಬಿಟ್ಟುಹೋಗುವುದು ಬಹುಮಟ್ಟಿಗೆ ಮೂತ್ರಪಿಂಡದ ದ್ವಾರದಿಂದ. ಬಹುಕಾಲದ ಮಧುಮೇಹವು ಮೊದಲು ಶಿಥಿಲಗೊಳಿಸುವ ಅಂಗಗಳಲ್ಲಿ ಅದೂ ಒಂದು. ಆದಕಾರಣ ಅಂಗಾಲಿನ ಉರಿಗೆಂದು ಇಂಥ ಮಾತ್ರೆಯನ್ನು ಬರೆಯುವ ವೈದ್ಯನು ರಕ್ತದ ಕ್ರಿಯಾಟಿನೀನನ್ನು ನೋಡಿ ಪ್ರಮಾಣವನ್ನು ಗೊತ್ತುಮಾಡುವುದೂ, ರೋಗಿಯು ಆ ಹೊತ್ತಿಗೆ ತನ್ನ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ, ಅಲರ್ಜಿಗೆ ತಂದದ್ದನ್ನೂ ಕೆಮ್ಮಿನ ಸೀಸೆಯನ್ನೂ ಬಿಡದೆ, ಆತನ ಮೇಜಿನ ಮೇಲೆ ತಂದಿಡುವುದೂ ಈಗ ನಡೆಯಬೇಕಾಗಿರುವ ಕೆಲಸ.