ಕಟ್ಟುಗಾಳ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಒಂಬತ್ತನೇ ತರಗತಿಗೆ ನಾನು ಬಸರೂರಿನ ಕಥೆ ಹೇಳುತ್ತಿದ್ದೆ. ಪಠ್ಯಪುಸ್ತಕಗಳು ಬಸರೂರಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾನು ನಿಲ್ಲುತ್ತಿದ್ದೆ. ನಮ್ಮ ಶಾಲೆಯ ಕಿಟಕಿಯಿಂದ ಕಾಣುವ ವಾರಾಹಿ ಹೊಳೆಯೇ ಬಸರೂರಿನ ಬದಿಯಲ್ಲಿ ಹರಿದು ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಇಲ್ಲಿಂದ ಅಕ್ಕಿ ಹಡಗು ಹತ್ತಿ ದೂರದ ಬಂದರುಗಳಿಗೆ ಹೋಗುತ್ತಿತ್ತು. 1569ರಲ್ಲಿ ಪೋರ್ಚುಗೀಸರು ಕೋಟೆ ಹಿಡಿದರು. 1665ರಲ್ಲಿ ಶಿವಾಜಿ ಹಡಗುಗಳ ಜೊತೆ ಬಂದು ಪೇಟೆಯನ್ನು ಕೊಳ್ಳೆ ಹೊಡೆದ. ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗ ಬಂದು ನಿಂತ. ಅಂಗಿಯ ತೋಳು ಒದ್ದೆ, ಕಾಲಿಗೆ ಕೆಸರು. ಅವನಿಗಿಂತ ಮೊದಲು ಅವನ ಮೀನಿನ ವಾಸನೆ ಒಳಗೆ ಬಂತು. ಮಕ್ಕಳೆಲ್ಲ ನಕ್ಕರು.

"ತಡ ಎಂತಕಾಯ್ತು?" ಎಂದೆ.

"ಗಾಳ ಎತ್ತುಕೆ ಹೋಯಿದ್ದೆ, ಟೀಚರೆ."

ತರಗತಿ ಮತ್ತೂ ನಕ್ಕಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಹಾಗಾದರೆ ಪುಸ್ತಕ ಯಾಕೆ? ಗಾಳವನ್ನೇ ಹಿಡಿದುಕೊಂಡಿರು" ಎಂದು ಅವನನ್ನು ಆ ತಾಸು ಮುಗಿಯುವವರೆಗೆ ಹೊರಗೆ ಕಿಟಕಿಯ ಬಳಿ ನಿಲ್ಲಿಸಿದೆ.

ತಡವಾಗಿ ಬಂದ ಹುಡುಗನನ್ನು ಗದರಿಸುವುದು ಮಾಸ್ತರಿಕೆಯಲ್ಲಿ ದೊಡ್ಡ ಸಂಗತಿಯಲ್ಲ. ಆದರೆ ಆ ದಿನದ ನನ್ನ ಸಿಟ್ಟಿಗೆ ಕಾರಣ ಬೇರೆಯೇ ಇತ್ತು. ನನ್ನ ಅಜ್ಜನೂ ಇದೇ ಹೊಳೆಯಲ್ಲಿ ಗಾಳ ಕಟ್ಟುತ್ತಿದ್ದರು. ಗದ್ದೆ ಕೆಲಸ ಇಲ್ಲದ ತಿಂಗಳುಗಳಲ್ಲಿ ಅವರು ಮಾರಿದ ಮೀನಿನ ದುಡ್ಡು ನನ್ನ ಪುಸ್ತಕಕ್ಕೂ ಫೀಸಿಗೂ ಸೇರಿದೆ. ಬಿ.ಎ., ಬಿ.ಎಡ್. ಮುಗಿಸಿ ಮೇಷ್ಟರ ಕುರ್ಚಿಯಲ್ಲಿ ಕೂತ ಮೇಲೆ ಆ ವಿಷಯವನ್ನು ನಾನು ಯಾರಲ್ಲೂ ಹೇಳಿರಲಿಲ್ಲ. ಆ ಹುಡುಗ ಅದನ್ನು ಅಷ್ಟು ಸಲೀಸಾಗಿ, ತಲೆ ತಗ್ಗಿಸದೆ ಹೇಳಿದ್ದೇ ನನಗೆ ತಾಗಿದ್ದು.

ಅಜ್ಜನ ಗಾಳಕ್ಕೆ ನಮ್ಮ ಮನೆಯಲ್ಲಿ ಕಟ್ಟುಗಾಳ ಎನ್ನುತ್ತಿದ್ದರು. ಕೋಲು ಹಿಡಿದು ದಡದಲ್ಲಿ ಕಾಯುವ ಗಾಳವಲ್ಲ. ಸಂಜೆ ಕಟ್ಟಿ, ರಾತ್ರಿ ಬಿಟ್ಟು, ಬೆಳಗಿನ ಜಾವ ಎತ್ತುವ ಗಾಳ. ದಡದ ಕಾಂಡ್ಲಾ ಗಿಡದ ಬೇರಿಗೆ ಸುಂಬದ ಹುರಿಯ ಒಂದು ತುದಿ ಕಟ್ಟುವುದು, ಇನ್ನೊಂದು ತುದಿಗೆ ಕಲ್ಲು ಕಟ್ಟಿ ನೀರಿಗೆ ಬಿಡುವುದು. ನಡುವೆ ಮೊಳಕ್ಕೊಂದರಂತೆ ಗಿಡ್ಡ ದಾರಗಳು, ದಾರದ ತುದಿಗೆ ಗಾಳ. ಗಾಳಕ್ಕೆ ಎರೆಹುಳ, ಸಣ್ಣ ಕಪ್ಪೆ ಅಥವಾ ನರ್ತೆಯ ಮಾಂಸ. ಮೀಸೆ ಮೀನುಗಳು ಹಗಲು ಕೆಸರಲ್ಲಿ, ಬೇರಿನ ಸಂದಿಯಲ್ಲಿ ಅಡಗಿ, ಕತ್ತಲಾದ ಮೇಲೆ ತಿರುಗಾಡುತ್ತವೆ. ಕಣ್ಣಿನ ಕೆಲಸವನ್ನು ಮೀಸೆ ಮಾಡುತ್ತದೆ. ರುಚಿ ತಿಳಿಯುವುದೂ ಅದರಲ್ಲೇ. ಹಾಗಾಗಿ ನೀರು ಕಲಕಿದಷ್ಟೂ, ರಾತ್ರಿ ಕಪ್ಪಾದಷ್ಟೂ ಗಾಳಕ್ಕೆ ಒಳ್ಳೆಯದು. ಹುಣ್ಣಿಮೆಯ ಆಸುಪಾಸಿನಲ್ಲಿ ಅಜ್ಜ ಗಾಳ ಕಟ್ಟುತ್ತಿರಲಿಲ್ಲ.

ಸಿಹಿನೀರಿನ ಕಡೆ ಸಿಗುತ್ತಿದ್ದದ್ದು ಮುಗುಡು, ಚೇಳುಮೀನು. ಉಪ್ಪುನೀರು ಏರಿ ಬರುವ ಕಡೆ, ಉಡುಪಿಯವರು ತೇಡೆ ಎನ್ನುವ ಕಡಲಿನ ಮೀಸೆ ಮೀನು. ಚೇಳುಮೀನಿನ ಮುಳ್ಳು ತಾಗಿದರೆ ದೊಡ್ಡವರೂ ಅಳಬೇಕು. ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕೈ ಅದ್ದಿ ಕೂರುವುದು ಅಜ್ಜಿಯ ಮದ್ದು. ಆ ವಿಷ ಶಾಖಕ್ಕೆ ಸೋಲುತ್ತದೆಂದು ಈಗ ಡಾಕ್ಟರರೂ ಹೇಳುತ್ತಾರೆ. ಹೆಣ್ಣುಮಕ್ಕಳು ಕತ್ತಲಲ್ಲಿ ಹೊಳೆಗೆ ಹೋಗುವ ಕ್ರಮವಿರಲಿಲ್ಲ. ನನ್ನ ಪಾಲಿಗೆ ಬಂದದ್ದು ಬೆಳಗಿನ ಕೆಲಸ: ಮುಗುಡಿನ ಲೋಳೆ ಹೋಗುವಂತೆ ಒಲೆಯ ಬೂದಿ ಹಾಕಿ ತಿಕ್ಕುವುದು. ಬೆಳಕು ಹರಿಯುವ ಮೊದಲೇ ಗಾಳ ಎತ್ತಬೇಕು ಎನ್ನುವುದು ಅಜ್ಜನ ಕಟ್ಟುನಿಟ್ಟು. ತಡವಾದರೆ ನೀರುನಾಯಿಯೋ ಏಡಿಯೋ ಪಾಲು ಕೇಳುತ್ತದೆ. ಇಲ್ಲವೇ ಮೀನು ತಿರುಚಿ ತಿರುಚಿ ದಾರ ಹರಿದುಕೊಂಡು, ಬಾಯಲ್ಲಿ ಗಾಳ ಇಟ್ಟುಕೊಂಡೇ ಹೋಗಿ ಸಾಯುತ್ತದೆ. "ಕಟ್ಟುದ್ ಯಾರೂ ಕಟ್ಟುವರ್, ಎತ್ತುಕೆ ಏಳ್ಕ್" ಎನ್ನುತ್ತಿದ್ದರು. ಆ ಹುಡುಗ ಶಾಲೆಗೆ ತಡವಾಗಿ ಬಂದದ್ದೂ ಈ ನೇಮ ಬಿಡದಿದ್ದಕ್ಕೆ ಎಂದು ನನಗೆ ಹೊಳೆದದ್ದು ಸಂಜೆ ಮನೆಗೆ ಹೋಗುವಾಗ.

ಚರಿತ್ರೆ ಕಲಿಸುವವಳಲ್ಲವೇ ನಾನು? ಆ ರಾತ್ರಿ ಒಂದು ಪ್ರಶ್ನೆ ಎದ್ದಿತು. ಶಿವಾಜಿ ಬಸರೂರಿಗೆ ಬಂದ ದಿನವೂ ಹೊಳೆಯಲ್ಲಿ ಯಾರೋ ಗಾಳ ಎತ್ತುತ್ತಿದ್ದಿರಬೇಕಲ್ಲ, ಅವರನ್ನು ಯಾರು ಬರೆದರು? ಅಂದಿನಿಂದ ಈ ವಿಷಯ ಎಲ್ಲಿ ಕಂಡರೂ ಓದತೊಡಗಿದೆ.

ಬರೆದವರಿದ್ದಾರೆ, ಆದರೆ ಅವರು ಗಾಳದ ಅನ್ನ ಉಂಡವರಲ್ಲ. ಮೊದಲನೆಯವನು ದೊರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1130ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಕಡಲಿನ ಮೀನು, ಹೊಳೆಯ ಮೀನು, ಪೊರೆಯುಳ್ಳದ್ದು, ಪೊರೆಯಿಲ್ಲದ್ದು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ, ಗಾಳ ಹಾಕುವುದು ಹೇಗೆ ಎಂದೆಲ್ಲ ಹೇಳಿದ್ದಾನೆ. ನಮ್ಮ ಮುಗುಡು ಪೊರೆಯಿಲ್ಲದ ಜಾತಿಯದು. ಇಷ್ಟನ್ನು ದೊರೆ ಸ್ವತಃ ಕಂಡುಹಿಡಿದಿರಲಾರ. ಹೊಳೆಯ ಬದಿಯ ಬೆಸ್ತರನ್ನು ಕೇಳಿಯೇ ತಿಳಿದಿರಬೇಕು. ಅವರ ಹೆಸರು ಅಲ್ಲಿಲ್ಲ. ಅವರಿಗೆ ಅದು ವಿನೋದವೂ ಅಲ್ಲ.

ಎರಡನೆಯವನು ಇಂಗ್ಲಿಷ್ ಅಧಿಕಾರಿ. ದಕ್ಷಿಣ ಕನ್ನಡದಲ್ಲಿ ಕೆಲಸ ಮಾಡಿದ ಎಚ್. ಎಸ್. ಥಾಮಸ್ 1870ರಲ್ಲಿ ಈ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದ. 1873ರಲ್ಲಿ ಅವನ 'ದಿ ರಾಡ್ ಇನ್ ಇಂಡಿಯಾ' ಮಂಗಳೂರಿನಲ್ಲಿ ಅಚ್ಚಾಯಿತು. ಹೊಳೆಗೆ ವಿಷ ಕದಡುವುದು, ಮರಿಗಳನ್ನೂ ಬಿಡದ ಸಣ್ಣ ಕಣ್ಣಿನ ಬಲೆ ಮತ್ತು ಕೂಳಿ ಹಾಕುವುದು ಅವನಿಗೆ ಚಿಂತೆಯಾಗಿತ್ತು. ಆ ಚಿಂತೆ ಸುಳ್ಳಲ್ಲ. ಕಾರೆಕಾಯಿ ಜಜ್ಜಿ ಗುಂಡಿಗೆ ಹಾಕಿ ಮೀನು ತೇಲಿಸುವುದನ್ನು ನಾನೂ ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅದೇ ವರ್ಷ ಫ್ರಾನ್ಸಿಸ್ ಡೇ ಇಡೀ ದೇಶದ ಸಿಹಿನೀರು ಮೀನುಗಾರಿಕೆಯ ವರದಿ ಕೊಟ್ಟ. ಕೊನೆಗೆ 1897ರಲ್ಲಿ ಇಂಡಿಯನ್ ಫಿಶರೀಸ್ ಆಕ್ಟ್ ಬಂತು. ಹೊಳೆಯಲ್ಲಿ ಮದ್ದು ಸಿಡಿಸುವುದೂ ವಿಷ ಹಾಕುವುದೂ ಅಪರಾಧವಾಯಿತು. ಹೊಳೆಯಲ್ಲಿ ನೆಟ್ಟು ನಿಲ್ಲಿಸಿದ ಬಲೆ, ಪಂಜರ, ಇತರ ಸಾಧನಗಳನ್ನು ನಿಯಂತ್ರಿಸುವ ಅಧಿಕಾರವೂ ಸರಕಾರಕ್ಕೆ ಸಿಕ್ಕಿತು. ಅಕ್ಷರ ಹಿಡಿದು ಓದಿದರೆ ಬೇರಿಗೆ ಕಟ್ಟಿದ ಅಜ್ಜನ ಹುರಿಯೂ ಅದರಲ್ಲಿ ಸಿಕ್ಕಿಬೀಳಬಹುದಿತ್ತು. ಇಂಗ್ಲೆಂಡಿನಲ್ಲಂತೂ ಕೋಲು ಹಿಡಿದು ಹಗಲು ಕೂತವನು ಸಭ್ಯ, ರಾತ್ರಿ ಗಾಳ ಕಟ್ಟಿ ಹೋದವನು ಕಳ್ಳ ಎಂಬ ಭಾವನೆ ಬಲವಾಗಿತ್ತು. ಅಮೆರಿಕದ ಮಿಸಿಸಿಪ್ಪಿಯ ದಡದ ಬಡವರು ಮಾತ್ರ ನಮ್ಮವರ ಹಾಗೆಯೇ ಉದ್ದ ಹಗ್ಗಕ್ಕೆ ಸಾಲಾಗಿ ಗಾಳ ಕಟ್ಟಿ ಮೀಸೆ ಮೀನನ್ನೇ ಹಿಡಿಯುತ್ತಾ ಬಂದಿದ್ದಾರೆ.

ಗಾಳ ಪುಣ್ಯದ ಸಾಧನವೆಂದು ನಾನು ಹೇಳಲಾರೆ. ಮೊದಲ ಮಳೆಗೆ ಮುಗುಡುಗಳು ಮೊಟ್ಟೆ ತುಂಬಿಕೊಂಡು ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಹತ್ತುವಾಗ ಗಾಳವೂ ಅವನ್ನು ಹಿಡಿಯುತ್ತದೆ. ಒಮ್ಮೆ ಅಜ್ಜನ ಹುರಿಯಲ್ಲಿ ಆಮೆಯೊಂದು ಸಿಕ್ಕಿ ಉಸಿರುಕಟ್ಟಿ ಸತ್ತಿತ್ತು. ಅಜ್ಜ ಆಮೇಲೆ ಎಂಟು ದಿನ ಹೊಳೆಯ ಕಡೆ ಹೋಗಲಿಲ್ಲ. ಆದರೂ ಗಾಳಕ್ಕೆ ಒಂದು ಮಿತಿಯಿದೆ. ಹಸಿದು ಬಂದದ್ದನ್ನು ಮಾತ್ರ ಅದು ಹಿಡಿಯುತ್ತದೆ. ಈ ಮಾತಿನ ಪೂರ್ತಿ ಅರ್ಥ ನನಗೆ ತಿಳಿದದ್ದು ತೇಡೆಯ ಸಂಸಾರದ ಬಗ್ಗೆ ಓದಿದಾಗ. ತೇಡೆಯ ಹೆಣ್ಣು ಇಟ್ಟ ಗೋಲಿಯಂಥ ಮೊಟ್ಟೆಗಳನ್ನು ಗಂಡು ತನ್ನ ಬಾಯಲ್ಲಿಟ್ಟುಕೊಳ್ಳುತ್ತದೆ. ಮರಿಯಾಗಿ ಈಜುವವರೆಗೆ, ವಾರಗಟ್ಟಲೆ, ಅದು ಏನನ್ನೂ ತಿನ್ನುವುದಿಲ್ಲ. ಉಪವಾಸ ಕೂತ ಅಪ್ಪನಿಗೆ ಎರೆಹುಳ ತೋರಿಸಿ ಏನು ಪ್ರಯೋಜನ? ಅದು ಗಾಳಕ್ಕೆ ಬರುವುದಿಲ್ಲ.

ಬಲೆ ಹಸಿವನ್ನು ಕೇಳುವುದಿಲ್ಲ. 1970ರ ದಶಕದ ನಡುವಿನಲ್ಲಿ ನಮ್ಮ ಕರಾವಳಿಗೆ ಪರ್ಸೀನ್ ಬೋಟುಗಳು ಬಂದವು. ಹಿಂಡು ಕಟ್ಟಿದ ಮೀನಿಗೆ ಸುತ್ತಲೂ ಬಲೆ ಹಾಕಿ ಚೀಲದ ಬಾಯಿಯ ಹಾಗೆ ಕೆಳಗಿನಿಂದ ಬಿಗಿದು ಎತ್ತುವ ಕ್ರಮ ಅದು. ತೇಡೆಗಳು ಬಾಯಲ್ಲಿ ಮೊಟ್ಟೆಯಿಟ್ಟುಕೊಂಡು ಹಿಂಡಾಗಿ ನಿಂತಾಗಲೇ ಸಿಕ್ಕಿಬಿದ್ದವು; ಎಳೆದಾಗ ಬಾಯಿಂದ ಉದುರಿದ ಮೊಟ್ಟೆ, ಮರಿ ರಾಶಿ ರಾಶಿಯಾಗಿ ಹಾಳಾಯಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ಕಾಲದಲ್ಲೇ ಇದನ್ನು ಬರೆದು ಎಚ್ಚರಿಸಿದರು. ಕೆಲವೇ ವರ್ಷಗಳಲ್ಲಿ ತೇಡೆಯ ಹಿಂಡು ಕಣ್ಣಿಗೆ ಕಾಣುವಂತೆ ಕರಗಿತು. ಅಳಿವೆಯ ಗಾಳಕ್ಕೆ ತೇಡೆ ಬರುವುದು ಕಡಿಮೆಯಾದಾಗ ಅಜ್ಜ ಹೊಳೆಯ ಮೇಲೆ ಮುನಿಸಿಕೊಂಡಿದ್ದರು, ಪಾಪ.

ಹೊಳೆಯಲ್ಲೂ ಕಥೆ ಬೇರೆಯಾಗಲಿಲ್ಲ. 1897ರ ಕಾನೂನಿದ್ದರೂ ಕಾರೆಕಾಯಿಯ ಜಾಗಕ್ಕೆ ಕೀಟನಾಶಕ, ಬ್ಲೀಚಿಂಗ್ ಪುಡಿ, ತೋಟೆ ಬಂದವು. 1996ರಲ್ಲಿ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ದೇವರ ಮೀನುಗಳಿಗೇ ವಿಷ ಬಿತ್ತೆಂದ ಮೇಲೆ ದೇವರಿಲ್ಲದ ಗುಂಡಿಯ ಮುಗುಡಿಗೆ ಯಾರು ದಿಕ್ಕು? ನಮ್ಮ ನಾಡಮುಗುಡಿಗೆ 1840ರಲ್ಲಿ ಶಾಸ್ತ್ರಜ್ಞರು ಡುಸುಮಿಯೇ ಎಂಬ ಫ್ರೆಂಚ್ ವ್ಯಾಪಾರಿಯ ಹೆಸರಿಟ್ಟಿದ್ದಾರೆ. ಪಶ್ಚಿಮ ಕರಾವಳಿಯ ಈ ಮೀನು ಈಗ ಅಪಾಯದ ಅಂಚಿಗೆ ಬಂದವುಗಳ ಪಟ್ಟಿಯಲ್ಲಿದೆ. ಅದರ ಜಾಗಕ್ಕೆ ಆಫ್ರಿಕದ ದೈತ್ಯ ಮುಗುಡು ಬಂದಿದೆ. ಸಾಕುವುದು ನಿಷಿದ್ಧವಾದರೂ ಕದ್ದು ಸಾಕುವವರಿದ್ದಾರೆ. ಮಳೆಗಾಲದಲ್ಲಿ ಕೆರೆ ತುಂಬಿದರೆ ಅದು ತಪ್ಪಿಸಿಕೊಂಡು ಹೊಳೆಗೆ ಸೇರಿ ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಬೈಂದೂರಿನ ಕಡೆಯ ಸೌಪರ್ಣಿಕೆಯಿರಲಿ, ಬ್ರಹ್ಮಾವರದ ಕಡೆ ಬಾರಕೂರಿನ ಬದಿಯಲ್ಲಿ ಹರಿಯುವ ಸೀತೆಯಿರಲಿ, ಹಳಬರನ್ನು ಕೇಳಿದರೆ ಒಂದೇ ಮಾತು: "ಹಿಂದಿನ ಮುಗುಡ್ ಈಗ ಎಲ್ಲಿತ್ತ್?"

ಆ ಹುಡುಗನನ್ನು ಮರುದಿನ ಕರೆದು ಮಾತಾಡಿಸಬೇಕೆಂದುಕೊಂಡೆ. ಆಡಲಿಲ್ಲ. ಅವನು ಹತ್ತನೇ ತರಗತಿ ಮುಗಿಸಿ ನಮ್ಮೂರಿನ ಎಷ್ಟೋ ಮಕ್ಕಳಂತೆ ಬೆಂಗಳೂರಿನ ಹೋಟೆಲಿಗೆ ಹೋದ. ಎರಡು ವರ್ಷದ ಹಿಂದೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ಅವನೇ ಗುರುತು ಹಿಡಿದು ಕಾಲು ಮುಟ್ಟಲು ಬಗ್ಗಿದ. ಪಕ್ಕದಲ್ಲಿ ಹೆಂಡತಿ, ಕೈಯಲ್ಲಿ ಮಗು. ಇನ್ನು ತಡಮಾಡಬಾರದೆಂದು ಹೇಳಿಬಿಟ್ಟೆ: "ಒಂದು ದಿನ ನಿನ್ನನ್ನು ಹೊರಗೆ ನಿಲ್ಲಿಸಿದ್ದೆ. ತಪ್ಪು ಮಾಡಿದೆ. ನನ್ನಜ್ಜನೂ ಗಾಳ ಕಟ್ಟುವವರೇ."

"ನಂಗೆ ಗೊತ್ತಿತ್ತ್ ಟೀಚರೆ" ಎಂದ ಅವನು. "ನಿಮ್ ಅಜ್ಜಯ್ಯನೇ ನನ್ ಅಪ್ಪಯ್ಯಂಗೆ ಗಾಳ ಕಟ್ಟುಕೆ ಹೇಳಿಕೊಟ್ಟದ್ದ್."

ನನಗೆ ಮಾತು ಹೊರಡಲಿಲ್ಲ. ತರಗತಿಯೆಲ್ಲ ನಗುವಾಗ ಆ ಒಂದು ಮಾತು ಹೇಳಿದ್ದರೆ ನಾನು ತಲೆ ತಗ್ಗಿಸಬೇಕಾಗಿತ್ತು. ಹದಿನಾಲ್ಕರ ಹುಡುಗ ಹೇಳಲಿಲ್ಲ.

ಅವನ ಬಸ್ಸು ಬಂತು. ಹತ್ತುವಾಗ ತಿರುಗಿ ನಕ್ಕು ಅಂದ: "ಕಿಟಕಿ ಹತ್ರವೇ ನಿಂತಿದ್ದೆ ಅಲ್ದಾ, ಪಾಠ ಎಲ್ಲ ಕೇಂಡಿತ್ತ್. ಶಿವಾಜಿ ಬಸ್ರೂರಿಗೆ ಬಂದದ್ದ್ 1665."