ಹಲ್ಮಿಡಿಯಿಂದ ಪುಟ್ಟೇನಹಳ್ಳಿಯವರೆಗೆ: ಕನ್ನಡದ ಕರ್ಮ ಸರ್ವನಾಮದ ಚರಿತ್ರೆ

ಯಲಹಂಕದ ಮಗ್ಗುಲಿನ ಪುಟ್ಟೇನಹಳ್ಳಿಯಲ್ಲಿ (ಜೆ.ಪಿ. ನಗರದ ಪುಟ್ಟೇನಹಳ್ಳಿ ಬೇರೆ) ವಾರಕ್ಕೆರಡು ಸಂಜೆ ನಾಲ್ಕೈದು ಜನರಿಗೆ ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಎಲ್ಲರ ಮನೆಮಾತೂ ಕನ್ನಡ. ಪಾಠಕ್ಕೆ ಊರಿನ ಕೆರೆಯೇ ವಸ್ತು. ‘ವಿಸ್ತೆ ಎಲ್ ಲಾಗೊ?’ ಎಂದರೆ ‘ಕೆರೆ ನೋಡಿದೆಯಾ?’ ಇದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಲೊ ವಿ’ ಎನ್ನಬೇಕು. ‘ವಿ’ ಎಂದರೆ ‘ನೋಡಿದೆ’. ‘ಲೊ’ ಎಂಬುದು ಕೆರೆಯ ಬದಲು ನಿಂತ ಕರ್ಮ ಸರ್ವನಾಮ. ನನ್ನ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಬರೀ ‘ವಿ’ ಎನ್ನುತ್ತಾರೆ. ‘ಲೊ’ ಎಂದರೆ ‘ಇಟ್’ ಎಂದು ನಮ್ಮ ಇಂಗ್ಲಿಷ್ ಪುಸ್ತಕ ಹೇಳುತ್ತದೆ, ನಾನು ಅದನ್ನೇ ‘ಅದನ್ನು’ ಎಂದು ಹೇಳಿಕೊಟ್ಟೆ. ಅರ್ಥ ಎಲ್ಲರಿಗೂ ತಿಳಿಯಿತು, ಬಾಯಿಗೆ ಮಾತ್ರ ಬರಲಿಲ್ಲ. ಬುದ್ಧಿವಂತರಾದ ಇವರೆಲ್ಲ ಒಂದೇ ಕಡೆ ಎಡವುತ್ತಿದ್ದರೆ ತೊಡಕು ಅವರಲ್ಲಿಲ್ಲ, ಆ ಸಮೀಕರಣದಲ್ಲಿದೆ ಎಂಬ ಅನುಮಾನ ಹುಟ್ಟಿದ್ದು ಹೀಗೆ. ‘ಕೆರೆ ನೋಡಿದ್ಯಾ?’ ಎಂದು ಕೇಳಿದರೆ ನಮ್ಮಲ್ಲಿ ಯಾರೂ ‘ಅದನ್ನು ನೋಡಿದೆ’ ಎನ್ನುವುದಿಲ್ಲ. ‘ನೋಡಿದೆ’ ಎನ್ನುತ್ತೇವೆ, ಅಷ್ಟೇ. ‘ನಿಮ್ಮಣ್ಣನ್ನ ನೋಡಿದ್ಯಾ?’ ಎಂದರೂ ಉತ್ತರ ‘ನೋಡಿದೆ’. ಸ್ಪ್ಯಾನಿಷ್‌ನ ‘ಲೊ’ಗೆ ಕನ್ನಡದ ನಿಜವಾದ ಸಾಟಿ ‘ಅದನ್ನು’ ಅಲ್ಲ, ಮೌನ. ಈ ಮೌನಕ್ಕೆ ನಮ್ಮ ವ್ಯಾಕರಣಗಳಲ್ಲಿ ಎಲ್ಲಿ ಜಾಗ ಸಿಕ್ಕಿದೆ, ಎಲ್ಲಿ ಸಿಕ್ಕಿಲ್ಲ ಎಂಬುದನ್ನು ಹುಡುಕುವುದು ಈ ಲೇಖನದ ಉದ್ದೇಶ.

ಹುಡುಕಾಟ ಹಲ್ಮಿಡಿಯಿಂದ ಹೊರಡಬೇಕು. ಬೇಲೂರು ತಾಲ್ಲೂಕಿನ ಆ ಊರಲ್ಲಿ 1936ರಲ್ಲಿ ಎಂ.ಎಚ್. ಕೃಷ್ಣ ಅವರು ಕಂಡುಹಿಡಿದ ಶಾಸನವನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಆಸುಪಾಸಿನದೆಂದು ಹೇಳುತ್ತಾರೆ; ಕಾಲದ ಬಗ್ಗೆಯೂ ಕೆಲವು ಪದಗಳ ಓದಿನ ಬಗ್ಗೆಯೂ ವಿದ್ವಾಂಸರಲ್ಲಿ ಭಿನ್ನಮತವಿದೆ. ಹದಿನಾರು ಸಾಲಿನ ಈ ಪುಟ್ಟ ಬರಹದಲ್ಲಿ ಕರ್ಮಪದಗಳನ್ನಷ್ಟೇ ಆಯ್ದು ನೋಡಿದಾಗ ನನಗೆ ಬೆರಗಾಯಿತು. ಯುದ್ಧದಲ್ಲಿ ಇರಿತ ತಿಂದವರು ಕೇಕಯ-ಪಲ್ಲವರು. ಅವರು ಮನುಷ್ಯರು, ಆದ್ದರಿಂದ ‘ಪಲ್ಲವರಂ’ ಎಂದು ದ್ವಿತೀಯಾ ಪ್ರತ್ಯಯ ಹತ್ತಿದೆ. ಗೆದ್ದು ಬಂದ ವಿಜ ಅರಸನಿಗೆ ಬಾಳ್ಗೞ್ಚಾಗಿ, ಎಂದರೆ ಶೌರ್ಯಕ್ಕೆ ಕೊಡುವ ದತ್ತಿಯಾಗಿ, ಕೊಟ್ಟದ್ದು ಪಲ್ಮಡಿ ಮತ್ತು ಮೂಳಿವಳ್ಳಿ. ಅವು ಊರುಗಳು, ‘ಉಂ’ ಎಂಬ ಸಮುಚ್ಚಯ ಬಿಟ್ಟರೆ ಅವುಗಳ ಮೈಮೇಲೆ ವಿಭಕ್ತಿಯ ಗುರುತಿಲ್ಲ. ‘ಕುಱುಂಬಿಡಿ’ ಬಿಟ್ಟರು ಎನ್ನುವಲ್ಲಿಯೂ ಹಾಗೆಯೇ, ಬರಿಯ ನಾಮಪದ. ಆದರೆ ದತ್ತಿಯನ್ನು ಕೆಡಿಸುವವರಿಗೆ ಮಹಾಪಾತಕವೆಂದು ಶಪಿಸುವಾಗ ಸರ್ವನಾಮ ಬರುತ್ತದೆ, ಪ್ರತ್ಯಯವನ್ನು ಹೊತ್ತೇ ಬರುತ್ತದೆ: ‘ಅದಾನ್’. ಮನುಷ್ಯನಿಗೆ ಗುರುತು, ವಸ್ತುವಿಗೆ ಇಲ್ಲ, ಬೆರಳಿಟ್ಟು ತೋರಿಸುವ ಸರ್ವನಾಮಕ್ಕೆ ಮತ್ತೆ ಗುರುತು. ಇಂದು ನಾವಾಡುವ ಮಾತಿನ ಕಟ್ಟು ಸುಮಾರು ಒಂದೂವರೆ ಸಾವಿರ ವರ್ಷದ ಹಿಂದಿನ ಕಲ್ಲಿನ ಮೇಲೆ ಹಾಗೇ ಇದೆ.

ಒಂದೇ ಶಾಸನದಿಂದ ನಿಯಮ ಕಟ್ಟಬಾರದೆಂಬುದು ನಿಜ. ಎ.ಎನ್. ನರಸಿಂಹಯ್ಯ (1941) ಮತ್ತು ಜಿ.ಎಸ್. ಗಾಯಿ (1946) ಪ್ರಾಚೀನ ಶಾಸನಗಳ ವ್ಯಾಕರಣ ಬರೆದು ದ್ವಿತೀಯೆಯ ‘ಆನ್’, ‘ಅನ್’, ‘ಅಂ’ ರೂಪಗಳ ನಡೆಯನ್ನು ದಾಖಲಿಸಿದ್ದರಿಂದ ನಮ್ಮಂಥವರ ಕೆಲಸ ಹಗುರವಾಗಿದೆ. ಹಳಗನ್ನಡದ ‘ಅಂ’ ಮುಂದೆ ನಡುಗನ್ನಡದಲ್ಲಿ ‘ಅನು’, ‘ಅ’ ಎಂದಾಗಿ, ಹೊಸಗನ್ನಡದಲ್ಲಿ ‘ಅನ್ನು’ ಎಂದು ನೆಲೆ ನಿಂತಿತು. ಆಡುಮಾತಿನಲ್ಲಿ ಅದು ಮತ್ತಷ್ಟು ಸವೆದಿದೆ. ‘ನನ್ನ ಕರೆದ’, ‘ನನ್ನ ಮನೆ’ ಎಂಬಲ್ಲಿ ದ್ವಿತೀಯೆಗೂ ಷಷ್ಠಿಗೂ ಒಂದೇ ರೂಪ. ‘ಅವನ್ನ ಕರಿ’ ಎಂದರೆ ಬೆಂಗಳೂರಿನ ಮಾತಿನಲ್ಲಿ ಒಬ್ಬ ಗಂಡಸು. ಬರಹದ ‘ಅವನ್ನು’ ಹಲವು ವಸ್ತುಗಳು.

ಈಗ ಲಾಕ್ಷಣಿಕರ ಮಾತು. ಎರಡನೆಯ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’, 13ನೇ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’, 1604ರಲ್ಲಿ ಭಟ್ಟಾಕಳಂಕ 592 ಸೂತ್ರಗಳಲ್ಲಿ ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’, ಮೂರೂ ಸಂಸ್ಕೃತದ ವಿಭಕ್ತಿ ಚೌಕಟ್ಟಿನಲ್ಲಿ ಕನ್ನಡವನ್ನು ಕೂರಿಸಿದವು. ಆ ಚೌಕಟ್ಟಿನಲ್ಲಿ ಕರ್ಮಕ್ಕೆ ದ್ವಿತೀಯಾ ವಿಭಕ್ತಿ. ಪ್ರತ್ಯಯ ಯಾವುದು, ಎಲ್ಲಿ ಯಾವ ಆಗಮ ಬರುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ಪ್ರತ್ಯಯ ಬಾರದೆ ಇರುವುದು ಯಾವಾಗ, ಪದವೇ ಬಾರದೆ ಇರುವುದು ಯಾವಾಗ ಎಂಬ ಪ್ರಶ್ನೆಗೆ ಆ ಚೌಕಟ್ಟಿನಲ್ಲಿ ಮನೆಯಿಲ್ಲ. ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಬರೆದದ್ದು ಇಂಥ ಕೊರತೆಗಳನ್ನು ಕಂಡೇ.

ಆದರೂ ಹಳಬರನ್ನು ಸುಮ್ಮನೆ ದೂರಲು ನನಗೆ ಮನಸ್ಸಿಲ್ಲ. ಅವರಿಗೆ ವಿಷಯ ಕಂಡಿತ್ತು, ಬೇರೆ ಅಧ್ಯಾಯದಲ್ಲಿ ಕಂಡಿತ್ತು. ಕೇಶಿರಾಜನ ಸಮಾಸ ಪ್ರಕರಣದ ಕ್ರಿಯಾಸಮಾಸವನ್ನು ಗಮನಿಸಿ. ಹಿಂದಿನ ಪದ ಸಾಮಾನ್ಯವಾಗಿ ದ್ವಿತೀಯಾಂತ, ಮುಂದಿನದು ಕ್ರಿಯೆ. ಎರಡೂ ಕೂಡಿದಾಗ ಪ್ರತ್ಯಯ ಬಿದ್ದುಹೋಗುತ್ತದೆ. ಕಣ್ಣನ್ನು ತೆರೆ ಎಂಬುದು ಕಣ್ದೆರೆ, ಮೈಯನ್ನು ತಡವು ಎಂಬುದು ಮೈದಡವು. ಶಾಲೆಯಲ್ಲಿ ನಾವಿದನ್ನು ಸಮಾಸದ ಒಂದು ಬಗೆಯೆಂದು ಬಾಯಿಪಾಠ ಮಾಡಿ ಮರೆತೆವು. ಆದರೆ ‘ಹಕ್ಕಿ ನೋಡು’, ‘ನೀರು ಕುಡಿ’, ‘ಮನೆ ಕಟ್ಟು’ ಎಂಬ ದಿನದ ಮಾತೂ ಇದೇ ಜಾಡಿನದಲ್ಲವೇ? ಪ್ರತ್ಯಯವಿಲ್ಲದ ಕರ್ಮ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಆತುಕೊಂಡೇ ಇರುತ್ತದೆ. ನಿರ್ದಿಷ್ಟವಾದ ಒಂದನ್ನು ತೋರಿಸುವುದಿಲ್ಲ, ಕೆಲಸದ ಬಗೆಯನ್ನು ಹೇಳುತ್ತದೆ. ಜೆಫ್ರಿ ಲಿಡ್ಜ್ 2006ರಲ್ಲಿ ಕನ್ನಡದ ದ್ವಿತೀಯೆಯ ಬಗ್ಗೆ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಬರೆದ ಲೇಖನದ ಮುಖ್ಯ ಚರ್ಚೆ ಇದರ ಸುತ್ತಲೇ ಇದೆ: ಪ್ರಾಣಿವಾಚಕಕ್ಕೆ ಪ್ರತ್ಯಯ ಬೇಕೇ ಬೇಕು, ಅಪ್ರಾಣಿವಾಚಕಕ್ಕೆ ಐಚ್ಛಿಕ, ಹಾಗೆ ಬಿಟ್ಟಾಗ ಅರ್ಥದ ವ್ಯಾಪ್ತಿ ಕಿರಿದಾಗುತ್ತದೆ. ಕೇಶಿರಾಜನ ಕ್ರಿಯಾಸಮಾಸವನ್ನೂ ಈ ಚರ್ಚೆಯನ್ನೂ ಒಟ್ಟಿಗಿಟ್ಟು ಓದಿದರೆ ಏಳು ಶತಮಾನದ ಅಂತರ ಬಹಳ ಕಿರಿದಾಗಿ ಕಾಣುತ್ತದೆ. ಅಂದಹಾಗೆ ಕ್ರಿಯಾಸಮಾಸದ ಪೂರ್ವಪದವಾಗಿ ಸರ್ವನಾಮ ಬರುವುದಿಲ್ಲ. ಹಲ್ಮಿಡಿಯ ‘ಅದಾನ್’ ಪ್ರತ್ಯಯ ಹೊತ್ತು ನಿಂತದ್ದಕ್ಕೂ ಇದಕ್ಕೂ ಕಾರಣ ಒಂದೇ ಇರಬೇಕು.

ಪದವೇ ಇಲ್ಲದ ಕರ್ಮಕ್ಕೂ ಹಳಬರಲ್ಲಿ ಒಂದು ಹೆಸರಿತ್ತು. ಕಾವ್ಯಕ್ಕೆ ಅರ್ಥ ಹೇಳುವ ಪಂಡಿತರು ‘ಇಲ್ಲಿ ಅದನ್ನು ಎಂದು ಅಧ್ಯಾಹಾರ’ ಎನ್ನುತ್ತಿದ್ದರು. ಅದು ಟೀಕೆಯ ಮಾತಾಗಿ ಉಳಿಯಿತು, ವ್ಯಾಕರಣದ ನಿಯಮವಾಗಲಿಲ್ಲ.

19ನೇ ಶತಮಾನದಲ್ಲಿ ಓದುಗ ಬದಲಾದ. ವಿಲಿಯಂ ಕೇರಿಯ ವ್ಯಾಕರಣ (ಸೆರಾಂಪುರ, 1817), ಜಾನ್ ಮೆಕೆರೆಲ್‌ನದು (ಮದ್ರಾಸು, 1820), ಥಾಮಸ್ ಹಾಡ್ಸನ್‌ನದು (1859), ಹಾಡ್ಸನ್‌ನದನ್ನೇ ಅಡಿಪಾಯವಾಗಿಟ್ಟುಕೊಂಡ ಹೆರಾಲ್ಡ್ ಸ್ಪೆನ್ಸರ್‌ನದು (1914), ಇವೆಲ್ಲ ಇಂಗ್ಲಿಷ್ ಬಲ್ಲ ಕಲಿಯುವವನಿಗಾಗಿ ಹುಟ್ಟಿದವು. ಅವನ ಭಾಷೆಯಲ್ಲಿ ಕರ್ಮ ಸರ್ವನಾಮ ಬಿಡುವಂತಿಲ್ಲ; ಅವನಿಗೆ ಪದಕ್ಕೆ ಪದ ಬೇಕು. ‘ಅದನ್ನು’, ‘ಅವನನ್ನು’, ‘ಅವಳನ್ನು’ ಎಂಬ ಕೋಷ್ಟಕ ಹೀಗೆ ಬಲವಾಗಿ ಬೇರೂರಿತೆಂಬುದು ನನ್ನ ತಿಳಿವಳಿಕೆ. ಈ ವಿದೇಶಿ ಪಂಡಿತರಿಗೂ ಕಣ್ಣಿತ್ತು. 1856ರಲ್ಲೇ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳಲ್ಲಿ ನಪುಂಸಕ ನಾಮಪದ ಪ್ರತ್ಯಯವಿಲ್ಲದೆ ಕರ್ಮವಾಗುವುದನ್ನು ಗುರುತಿಸಿದ್ದರು. 1872ರಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1903ರಲ್ಲಿ ತಮ್ಮದೇ ಕನ್ನಡ ವ್ಯಾಕರಣ ಹೊರತಂದ ಕಿಟೆಲರಂತೂ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಕಂಡವರು. ಆದರೆ ಶಾಲೆಗೆ ಇಳಿದು ಬಂದದ್ದು ಕೋಷ್ಟಕ ಮಾತ್ರ. ಉ, ಅನ್ನು, ಇಂದ ಎಂದು ರಾಗವಾಗಿ ಹೇಳಿದ ಮಗು, ಮನೆಯಲ್ಲಿ ತಾನಾಡುವ ‘ಕೊಡು’, ‘ತಂದೆ’, ‘ತಿಂದೆ’ಗಳಲ್ಲಿ ಅಡಗಿದ ಕರ್ಮದ ಬಗ್ಗೆ ಎಂದೂ ಪಾಠ ಕೇಳಲಿಲ್ಲ. ಎಸ್.ಎನ್. ಶ್ರೀಧರ್ ಅವರ 1990ರ ವಿವರಣಾತ್ಮಕ ವ್ಯಾಕರಣದಂಥ ಕೃತಿಗಳಿಂದ ಆಡುಗನ್ನಡದ ವಾಕ್ಯರಚನೆಗೆ ಒಳ್ಳೆಯ ದಾಖಲೆ ಸಿಕ್ಕಿತು, ಅದೂ ಇಂಗ್ಲಿಷಿನಲ್ಲಿ.

ಸ್ಪ್ಯಾನಿಷ್ ನಡೆದು ಬಂದ ದಾರಿ ಬೇರೆ. ಲ್ಯಾಟಿನ್ನಿನ ‘ಇಲ್ಲೆ’ ಎಂಬುದು ಬೆರಳಿಟ್ಟು ತೋರಿಸುವ ಗಟ್ಟಿ ಸರ್ವನಾಮ, ನಮ್ಮ ‘ಅದು’, ‘ಅವನು’ ಇದ್ದಂತೆ. ಅದರ ದ್ವಿತೀಯಾ ರೂಪಗಳಾದ ‘ಇಲ್ಲುಂ’, ‘ಇಲ್ಲಾಂ’ ಸವೆದು ‘ಲೊ’, ‘ಲಾ’ ಆದವು. ಒತ್ತು ಕಳೆದುಕೊಂಡು ಕ್ರಿಯಾಪದಕ್ಕೆ ಅಂಟಿಕೊಂಡವು. ತೋರುವ ಶಕ್ತಿ ಹೋಯಿತು, ನೆನಪಿಸುವ ಶಕ್ತಿ ಉಳಿಯಿತು. ಕನ್ನಡದ ‘ಅದನ್ನು’ ಹಾಗೆ ಸವೆಯಲಿಲ್ಲ. ಇಂದಿಗೂ ಅದಕ್ಕೆ ತೋರುವ ಬಲವಿದೆ, ‘ಇದಲ್ಲ, ಅದನ್ನ ಕೊಡಿ’ ಎಂದು ಅಂಗಡಿಯಲ್ಲಿ ಕೇಳುವ ಬಲ. ಬರಿದೆ ನೆನಪಿಸುವ ಕೆಲಸವನ್ನು ಕನ್ನಡ ಮೌನಕ್ಕೇ ಬಿಟ್ಟಿದೆ. ನನ್ನ ವಿದ್ಯಾರ್ಥಿಗಳಿಗೆ ‘ಲೊ ವಿ’ ಎಂದರೆ ‘ಅದನ್ನೇ ನೋಡಿದೆ’ ಎಂದು ಒತ್ತಿ ಹೇಳಿದಂತೆ ಕೇಳಿಸುತ್ತಿತ್ತು, ಆದ್ದರಿಂದಲೇ ನಾಲಿಗೆ ಹಿಂಜರಿಯುತ್ತಿತ್ತು.

ಹೀಗಿದ್ದೂ ಮೂರು ಕಡೆ ಈ ಭಾಷೆಗಳು ಹತ್ತಿರದ ನೆಂಟರಂತೆ ನಡೆದುಕೊಳ್ಳುತ್ತವೆ. ಮೊದಲನೆಯದು ಪ್ರಾಣಿವಾಚಕದ ಗುರುತು. ‘ವೇಓ ಎಲ್ ಲಾಗೊ’, ಕೆರೆ ನೋಡುತ್ತೇನೆ. ‘ವೇಓ ಆ ಲಾ ನಿನ್ಯಾ’, ಹುಡುಗಿಯನ್ನು ನೋಡುತ್ತೇನೆ. ಆ ನಡುವಿನ ‘ಆ’ ನಮ್ಮ ‘ಅನ್ನು’ವಿನ ಕೆಲಸವನ್ನೇ ಮಾಡುತ್ತಿದೆ. ಗಿಯೋರ್ಗ್ ಬೊಸ್ಸೊಂಗ್ 1985ರಲ್ಲಿ ಇರಾನಿ ಭಾಷೆಗಳನ್ನು ಕುರಿತ ಪುಸ್ತಕದಲ್ಲಿ ಇದಕ್ಕೊಂದು ಪಾರಿಭಾಷಿಕ ಹೆಸರು ಕೊಟ್ಟರು. ಕನ್ನಡದಲ್ಲಿ ‘ಭೇದಾತ್ಮಕ ಕರ್ಮಸೂಚನೆ’ ಎನ್ನಬಹುದು. ಯಲಹಂಕದ ಸಂತೆಯಲ್ಲಿ ಕಿವಿಗೆ ಬೀಳುವ ತೆಲುಗಿನ ‘ನಿ’, ತಮಿಳಿನ ‘ಐ’, ದಖನಿಯ ‘ಕೋ’ ಇವೂ ಇದೇ ಕುಲದವು. ಸ್ಪ್ಯಾನಿಷಿನ ಆ ‘ಆ’ ಬಳಕೆಯನ್ನು ನನ್ನ ವಿದ್ಯಾರ್ಥಿಗಳಿಗೆ ಕಲಿಸಬೇಕಾಗಿಯೇ ಬರಲಿಲ್ಲ.

ಎರಡನೆಯದು ದ್ವಿತೀಯಾ-ಚತುರ್ಥಿಗಳ ಜಗಳ. ಸ್ಪೇನಿನ ಹಲವೆಡೆ ಗಂಡಸನ್ನು ಕುರಿತು ‘ಲೊ ವಿ’ ಎನ್ನುವಲ್ಲಿ ಚತುರ್ಥಿಯ ‘ಲೆ’ ಬಳಸಿ ‘ಲೆ ವಿ’ ಎನ್ನುತ್ತಾರೆ. 1713ರಲ್ಲಿ ಸ್ಥಾಪನೆಯಾದ ಅಲ್ಲಿನ ರಾಯಲ್ ಸ್ಪ್ಯಾನಿಷ್ ಅಕಾಡೆಮಿ 1796ರ ವ್ಯಾಕರಣದಲ್ಲಿ ಪುಲ್ಲಿಂಗಕ್ಕೆ ‘ಲೆ’ ಒಂದೇ ಸರಿಯೆಂದು ಸಾರಿತು. 1854ರ ಹೊತ್ತಿಗೆ ಆ ನಿಲುವನ್ನು ಬದಲಿಸಿತು. ನಮ್ಮಲ್ಲಿ ‘ನನ್ನನ್ನು ಹೊಡೆದ’ ಎಂದು ಬರೆಯುತ್ತೇವೆ, ‘ನನಗೆ ಹೊಡೆದ’ ಎಂದು ಆಡುತ್ತೇವೆ. ‘ಅವನನ್ನು ಬೈದ’, ‘ಅವನಿಗೆ ಬೈದ’ ಎರಡೂ ಉಂಟು. ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದನ್ನು ಕೇಶಿರಾಜ ವಿಭಕ್ತಿ ಪಲ್ಲಟವೆಂದು ಗುರುತಿಸಿ ಅದಕ್ಕೆ ಜಾಗ ಮಾಡಿಕೊಟ್ಟ. ತೀರ್ಪು ಕೊಟ್ಟು ಹಿಂತೆಗೆದುಕೊಳ್ಳುವುದಕ್ಕಿಂತ ಅದು ಮೇಲಾದ ದಾರಿ ಎಂದು ನನಗನಿಸುತ್ತದೆ. ಮೂರನೆಯದು ಪದಕ್ರಮ. ‘ಸೆ ಲೊ ದಿ’ ಎಂಬುದನ್ನು ಪದಪದವಾಗಿ ಇಳಿಸಿದರೆ ‘ಅವನಿಗೆ ಅದನ್ನ ಕೊಟ್ಟೆ’. ಚತುರ್ಥಿ, ದ್ವಿತೀಯೆ, ಕ್ರಿಯೆ. ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಯುವವರು ಇಲ್ಲಿ ವಾಕ್ಯವನ್ನು ತಿರುಗಿಸಬೇಕು, ಕನ್ನಡಿಗರು ಬೇಕಿಲ್ಲ. ನಮ್ಮ ಪಾಠಪುಸ್ತಕಗಳೆಲ್ಲ ಇಂಗ್ಲಿಷಿನವು, ಹಾಗಾಗಿ ಸುಲಭವಾದದ್ದನ್ನು ಕಷ್ಟವೆಂದೂ ಕಷ್ಟವಾದದ್ದನ್ನು ಸುಲಭವೆಂದೂ ಕಲಿಸುತ್ತಿದ್ದೇವೆ.

ಇನ್ನೊಂದು ಸಂಗತಿ. ಎಕ್ವಡಾರಿನ ರಾಜಧಾನಿ ಕೀಟೊದಲ್ಲಿ ಕೆಚುವಾ ಭಾಷೆಯ ಒಡನಾಟದಲ್ಲಿ ಬೆಳೆದ ಸ್ಪ್ಯಾನಿಷ್ ಇದೆ. ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ಬಾಸ್ಕ್ ಭಾಷೆಯ ನೆರೆಯಲ್ಲಿ ಬೆಳೆದದ್ದಿದೆ. ಎರಡೂ ಕಡೆ ವಸ್ತುವನ್ನು ಕುರಿತ ‘ಲೊ’ವನ್ನು ಜನ ಬಿಟ್ಟು ಮಾತಾಡುತ್ತಾರೆ. ನಾನು ಕೆಂಪು ಶಾಯಿಯಲ್ಲಿ ತಿದ್ದಿದ ‘ವಿ’ ಅಲ್ಲಿನ ಮನೆಮಾತು. ಇದು ತಿಳಿದ ಮೇಲೆ ನಾನು ಪಾಠದ ಕ್ರಮ ಬದಲಿಸಿದೆ. ಈಗ ಮೊದಲು ಕನ್ನಡದ ಮೌನವನ್ನು ತೋರಿಸುತ್ತೇನೆ, ಆ ಮೌನವಿದ್ದ ಜಾಗದಲ್ಲಿ ‘ಲೊ’ ಇಡಿ ಎನ್ನುತ್ತೇನೆ. ‘ಅದನ್ನು’ ಎಂಬ ಅನುವಾದ ಕೊಡುವುದೇ ಇಲ್ಲ.

ಇದಕ್ಕೆ ಉದಾಹರಣೆ ಹೆಕ್ಕಲು ಕೆರೆಯ ಕಡೆಗೇ ಹೋಗುತ್ತೇನೆ. 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆಯಾದ ಕೆರೆ ಇದು. ಹಾವಕ್ಕಿ, ಬಣ್ಣದ ಕೊಕ್ಕರೆ ನೋಡಲು ಜನ ಬರುತ್ತಾರೆ. ‘ಹಕ್ಕಿ ನೋಡೋಕೆ ಬಂದ್ವಿ’ ಎನ್ನುತ್ತಾರೆ. ಪ್ರಾಣಿಯಾದರೂ ಇಲ್ಲಿ ಯಾವ ಹಕ್ಕಿ ಎಂಬುದಿಲ್ಲ, ಹಕ್ಕಿ ನೋಡುವುದು ಒಂದು ಕೆಲಸ. ಲಿಡ್ಜ್ ಹೇಳಿದ ಕಟ್ಟುನಿಟ್ಟು ಇಲ್ಲಿ ಸಡಿಲಗೊಳ್ಳುವುದನ್ನು ಮುಂದಿನವರು ಪರಿಶೀಲಿಸಬೇಕು. ‘ಆ ಕೊಕ್ಕರೇನ ನೋಡಿದ್ರಾ?’ ಎಂದರೆ ಒಂದೇ ಹಕ್ಕಿ, ಪ್ರತ್ಯಯ ಬಂತು. ‘ನೋಡಿದ್ವಿ’ ಎಂದು ಉತ್ತರ, ಹಕ್ಕಿ ಮೌನಕ್ಕೆ ಸಂದಿತು. ಮೊನ್ನೆ ಗೂಡಿನಿಂದ ಬಿದ್ದ ಮರಿಯೊಂದರ ಕಡೆ ಪುಟ್ಟ ಹುಡುಗಿ ಕೈ ಚಾಚಿದಳು. ಅವಳ ಅಜ್ಜಿ ದೂರದಿಂದಲೇ ಕೂಗಿದರು: ‘ಅದನ್ನ ಮುಟ್ಬೇಡ ಕಣೇ!’ ಇಲ್ಲಿ ಸರ್ವನಾಮ ಬಿಡುವಂತಿರಲಿಲ್ಲ. ಹಲ್ಮಿಡಿಯ ಕಲ್ಲಿನಲ್ಲಿ ‘ಅದಾನ್’ ಬಂದದ್ದೂ ಕೆಡಿಸಬೇಡಿ ಎಂದು ತಡೆಯುವ ಮಾತಿನಲ್ಲೇ.