ಕಡತವೂ ಪತ್ರಿಕೆಯೂ: ಭೂದಾಖಲೆಯ ಪ್ರಕಟತೆ ಮತ್ತು ಪತ್ರಿಕಾನಿರ್ಬಂಧಗಳ ಜೊತೆಚರಿತ್ರೆ

ನಮ್ಮ ದೇಶದ ಶಾಸನಗಳ ಇತಿಹಾಸವನ್ನು ವಿಷಯವಿಷಯವಾಗಿ ಬೇರ್ಪಡಿಸಿ ಓದುವ ರೂಢಿಯಿಂದ ಕೆಲವು ಸಂಬಂಧಗಳು ಕಣ್ಣಿಗೆ ಬೀಳದೆ ಹೋಗುತ್ತವೆ. ಭೂಕಂದಾಯವನ್ನೂ ಸ್ವತ್ತಿನ ನೋಂದಣಿಯನ್ನೂ ಅಭ್ಯಾಸಮಾಡುವವರು ಪತ್ರಿಕಾ ಕಾನೂನುಗಳತ್ತ ತಿರುಗುವುದು ಅಪರೂಪ. ಪತ್ರಿಕೋದ್ಯಮದ ಚರಿತ್ರೆಯನ್ನು ಬರೆಯುವವರು ಉಪನೋಂದಣಾಧಿಕಾರಿಯ ಕಚೇರಿಯ ಪುಸ್ತಕಗಳನ್ನು ತೆರೆಯುವುದು ಇನ್ನೂ ಅಪರೂಪ. ಆದರೆ 1908, 1951, 1978 ಎಂಬ ಮೂರು ವರ್ಷಗಳನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟು ನೋಡಿದರೆ, ಸ್ವತ್ತಿನ ವಿಚಾರವೂ ಮುದ್ರಣದ ವಿಚಾರವೂ ಒಂದೇ ಶಾಸನಸಭೆಯ ಮುಂದೆ, ಅದರಲ್ಲಿಯೂ ಎರಡು ಸಲ ಒಂದೇ ಸಂವಿಧಾನ ತಿದ್ದುಪಡಿಯ ಒಡಲಿನಲ್ಲಿ, ಜೊತೆಗೂಡಿ ಬಂದಿರುವುದು ಸ್ಪಷ್ಟವಾಗುತ್ತದೆ. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಯುಕ್ತವಲ್ಲವೆಂಬುದೂ, ಯಾವ ಸಂಗತಿಯನ್ನು ಯಾರು ತಿಳಿಯತಕ್ಕುದು ಎಂಬ ಒಂದೇ ಪ್ರಶ್ನೆಗೆ ಪ್ರಭುತ್ವವು ಕೊಟ್ಟ ಎರಡು ಉತ್ತರಗಳು ಇವೆಂಬುದೂ ಪ್ರಸ್ತುತ ಲೇಖನದ ಪ್ರತಿಪಾದನೆ.

ಶಿಲೆ ಮತ್ತು ಕಡತ

ಭೂಮಿಯ ಒಡೆತನವು ಊರಿಗೆಲ್ಲ ಗೊತ್ತಿರಬೇಕಾದ ಸಂಗತಿಯೆಂಬ ಭಾವನೆ ಕನ್ನಡನಾಡಿನಲ್ಲಿ ಬಹು ಪ್ರಾಚೀನವಾದುದು. ಸುಮಾರು ಐದನೆಯ ಶತಮಾನದ್ದೆಂದು ಎಣಿಸಲಾಗಿರುವ ಹಲ್ಮಿಡಿಯ ಶಾಸನವೇ ವಿಜ ಅರಸನಿಗೆ ಎರಡು ಊರುಗಳನ್ನು ಕೊಟ್ಟುದನ್ನು ಸಾರಿ, ಆ ದತ್ತಿಯನ್ನು ಅಪಹರಿಸುವವನಿಗೆ ಮಹಾಪಾತಕವು ತಗಲುವುದೆಂದು ಎಚ್ಚರಿಸುತ್ತದೆ. ಅಲ್ಲಿಂದ ಮುಂದೆ ನಾಡಿನಾದ್ಯಂತ ನಿಂತ ದಾನಶಾಸನಗಳಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಎಂಬ ನಾಲ್ಕು ದಿಕ್ಕುಗಳ ಎಲ್ಲೆಯನ್ನು ಹಳ್ಳ, ಮರಡಿ, ನಟ್ಟಕಲ್ಲುಗಳ ಗುರುತಿನೊಡನೆ ವಿವರಿಸಿ, ಸಾಕ್ಷಿಗಳನ್ನು ಹೆಸರಿಸಿ, ಅದನ್ನು ದೇವಾಲಯದ ಅಂಗಳದಲ್ಲಿಯೋ ಕೆರೆಯ ಏರಿಯ ಮೇಲೆಯೋ ನೆಟ್ಟರು. ಬಿ. ಎಲ್. ರೈಸ್ ಅವರು 1886ರಿಂದ 1905ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕವನ್ನು ರಾಜವಂಶಗಳ ಕಾಲಗಣನೆಗೆ ಆಕರವೆಂದು ಓದುವುದು ವಾಡಿಕೆ. ಸ್ವತ್ತಿನ ಪ್ರಕಟಣೆಯ ಭಂಡಾರವೆಂದು ಓದಿದರೂ ಅದು ಅಷ್ಟೇ ಸಮೃದ್ಧವಾದುದು.

ಹಾಗಿದ್ದರೂ ಶಿಲೆಯ ಮೇಲೆ ಕಂಡರಿಸಿದುದು ಬಹುಮಟ್ಟಿಗೆ ದತ್ತಿಯ ಭೂಮಿ. ಒಕ್ಕಲಿನ ದಿನದಿನದ ಸಾಗುವಳಿ, ಗೇಣಿ, ಬಾಕಿಗಳ ಲೆಕ್ಕವು ಹುಣಿಸೆಬೀಜದ ಸರಿಯನ್ನೂ ಇದ್ದಲಪುಡಿಯನ್ನೂ ಬಳಿದು ಕಪ್ಪಾಗಿಸಿ ಮಡಿಚಿದ ಬಟ್ಟೆಯ ಕಡತದಲ್ಲಿ, ಬಳಪದ ಅಕ್ಷರಗಳಲ್ಲಿ, ವಂಶಪಾರಂಪರ್ಯದ ಶಾನುಭೋಗರ ಮನೆಯಲ್ಲಿ ಉಳಿಯಿತು. ಬಳಪದಿಂದ ಬರೆದುದನ್ನು ಒರೆಸಿ ಮತ್ತೆ ಬರೆಯಲು ಬರುತ್ತಿದ್ದುದರಿಂದಲೂ, ಓದಬಲ್ಲವರು ಊರಿನಲ್ಲಿ ವಿರಳರಾಗಿದ್ದುದರಿಂದಲೂ, ಹೊಲವನ್ನು ಉಳುವವನಿಗಿಂತ ಹೊಲದ ಲೆಕ್ಕವನ್ನು ಬಲ್ಲವನೇ ಬಲಿಷ್ಠನಾದನು. ಹೀಗೆ ಸಾರ್ವಜನಿಕವಾದ ಶಿಲೆ, ಗೃಹಗುಪ್ತವಾದ ಕಡತ ಎಂಬ ಎರಡು ಸಂಪ್ರದಾಯಗಳನ್ನು ಹತ್ತೊಂಬತ್ತನೆಯ ಶತಮಾನವು ಪರಂಪರೆಯಿಂದ ಪಡೆಯಿತು.

ಮೋಜಣಿಯಿಂದ ನೋಂದಣಿಗೆ

ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಈ ಮೂವರು 1847ರಲ್ಲಿ ಒಪ್ಪಿಸಿದ ಸಂಯುಕ್ತ ವರದಿಯ ಮೇಲೆ ಮುಂಬಯಿ ಪ್ರಾಂತದ ಮೋಜಣಿ ಪದ್ಧತಿ ನಿಂತಿತು. ಧಾರವಾಡದ ಸೀಮೆಗೆ ವಿಂಗೇಟರೇ ಅಳತೆಯ ಅಧಿಕಾರಿಯಾಗಿದ್ದರು. ಹೊಲಕ್ಕೆ ಸರ್ವೆ ನಂಬರು, ಮಣ್ಣಿಗೆ ಆಣೆಯ ಲೆಕ್ಕದಲ್ಲಿ ದರ್ಜೆ, ಕಂದಾಯಕ್ಕೆ ಮೂವತ್ತು ವರ್ಷಗಳ ನಿಗದಿ, ಇವು ಆ ಪದ್ಧತಿಯ ಅಂಗಗಳು. 1863ರಲ್ಲಿ ಆರಂಭವಾದ ಮೈಸೂರಿನ ಮೋಜಣಿಯೂ ಇದೇ ದಾರಿಯನ್ನು ಹಿಡಿಯಿತು. ಈ ಮಹಾಕಾರ್ಯದ ಪ್ರಥಮ ಪ್ರಯೋಜನವು ಬೊಕ್ಕಸಕ್ಕೆ ಸೇರಿತು. ಯಾರು ಎಷ್ಟು ಕೊಡಬೇಕೆಂಬುದನ್ನು ಸರ್ಕಾರವು ತಿಳಿಯಬೇಕಾಗಿತ್ತು, ಪ್ರಜೆಯು ತಿಳಿಯುವುದು ಅದರ ಅನುಷಂಗಿಕ ಫಲವಾಗಿತ್ತು.

ಕ್ರಯವಿಕ್ರಯದ ದಾಖಲೆಗಾದರೋ ಬೇರೊಂದು ಅಗತ್ಯವಿದ್ದಿತು. ಒಂದೇ ಜಮೀನನ್ನು ಇಬ್ಬರಿಗೆ ಮಾರುವ, ಅಡವಿಟ್ಟುದನ್ನು ಮುಚ್ಚಿ ಕ್ರಯಕ್ಕೆ ಕೊಡುವ ವಂಚನೆಗಳನ್ನು ತಡೆಯದೆ ಸಾಲಕೊಡುವವರ ವಿಶ್ವಾಸವು ನಿಲ್ಲುವಂತಿರಲಿಲ್ಲ. 1864ರಿಂದ ಒಂದರಮೇಲೊಂದಾಗಿ ಬಂದ ನೋಂದಣಿ ಶಾಸನಗಳನ್ನು ಕ್ರೋಡೀಕರಿಸಿ 1908ರ ಡಿಸೆಂಬರಿನಲ್ಲಿ 16ನೆಯ ಶಾಸನವನ್ನು ಮಾಡಲಾಯಿತು. ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ವರ್ಗಾವಣೆಯನ್ನು ಬರೆಯಿಸಲೇಬೇಕೆಂಬುದು ಅದರ ಪ್ರಸಿದ್ಧವಾದ ವಿಧಿ. ಅದಕ್ಕಿಂತಲೂ ಗಮನಾರ್ಹವಾದುದು 57ನೆಯ ಪ್ರಕರಣ: ಸ್ಥಿರಸ್ವತ್ತಿನ ಪತ್ರಗಳನ್ನು ನಕಲುಮಾಡುವ ಒಂದನೆಯ ಪುಸ್ತಕವನ್ನು ಶುಲ್ಕ ತೆತ್ತ ಯಾರಾದರೂ, ತಮಗೆ ಅದರಲ್ಲಿ ಏನು ಸಂಬಂಧವೆಂದು ಹೇಳಬೇಕಾದ ಹಂಗಿಲ್ಲದೆ, ಪರಿಶೀಲಿಸಬಹುದು, ಮರಣಶಾಸನಗಳ ಪುಸ್ತಕಕ್ಕೆ ಮಾತ್ರ ಅಂತಹ ಮುಕ್ತಪ್ರವೇಶವಿಲ್ಲ. ಮುಂದೆ 1929ರ ತಿದ್ದುಪಡಿಯಿಂದ ಸ್ವತ್ತು ವರ್ಗಾವಣೆಯ ಶಾಸನದಲ್ಲಿ, ಕಡ್ಡಾಯವಾಗಿ ನೋಂದಾಯಿಸಬೇಕಾದ ಪತ್ರವು ನೋಂದಣಿಯಾದ ಬಳಿಕ ಆ ಸ್ವತ್ತನ್ನು ಕೊಳ್ಳುವವನಿಗೆ ಅದು ತಿಳಿದೇ ಇದೆಯೆಂದು ಭಾವಿಸತಕ್ಕುದೆಂಬ ನಿಯಮವೂ ಸೇರಿತು. ತಿಳಿದಿರುವನೆಂದು ಯಾವನನ್ನು ಕಾನೂನು ಭಾವಿಸುತ್ತದೆಯೋ ಅವನಿಗೆ ತಿಳಿಯುವ ಮಾರ್ಗವನ್ನು ಒದಗಿಸುವ ಹೊಣೆಯೂ ಕಾನೂನಿನದೇ ಆಗುತ್ತದೆ. ನನ್ನ ಮತದಲ್ಲಿ ನಮ್ಮ ಮಾಹಿತಿಯ ಹಕ್ಕಿನ ಬೀಜವು ರಾಜಕೀಯದ ವೇದಿಕೆಗಿಂತ ಮೊದಲು ಈ ಶುಷ್ಕವಾದ ವಿಧಿಯಲ್ಲಿ ಬಿದ್ದಿತ್ತು.

1908ರ ಇನ್ನೊಂದು ಮುಖ

ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು ಹೊರತಂದಾಗ, ಮೆಟ್‌ಕಾಫರು 1835ರಲ್ಲಿ ಅನುಮತಿಪತ್ರದ ಪದ್ಧತಿಯನ್ನು ತೆಗೆದುಹಾಕಿ ಎಂಟು ವರ್ಷಗಳಾಗಿದ್ದವು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಶಾಸನವು ಮುದ್ರಕನ ಹೆಸರನ್ನೂ ಸ್ಥಳವನ್ನೂ ಅಚ್ಚುಮಾಡುವಂತೆ, ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಮಾಡುವಂತೆ ವಿಧಿಸಿ, ಒಂದು ರೂಪಾಯಿ ಶುಲ್ಕ ಕೊಟ್ಟ ಯಾರಾದರೂ ಆ ಘೋಷಣೆಯನ್ನು ನೋಡಬಹುದೆಂದಿತು. ಇಲ್ಲಿಯ ವರೆಗೆ ಸ್ವತ್ತಿನ ನೋಂದಣಿಗೂ ಮುದ್ರಣದ ನೋಂದಣಿಗೂ ತತ್ತ್ವದಲ್ಲಿ ಭೇದವಿಲ್ಲ: ಹೊಣೆಗಾರನು ಯಾರೆಂಬುದು ಪ್ರಕಟವಾಗಿರಬೇಕು, ಅಷ್ಟೆ.

ಭೇದವು ತೋರಿದುದು ಲಿಟ್ಟನ್ನರ 1878ರ ದೇಶಭಾಷಾ ಪತ್ರಿಕಾ ಶಾಸನದಲ್ಲಿ. ಇಂಗ್ಲಿಷ್ ಪತ್ರಿಕೆಗಳನ್ನು ಬಿಟ್ಟು ದೇಶಭಾಷೆಯವುಗಳಿಂದ ಮಾತ್ರ ಮುಚ್ಚಳಿಕೆಯನ್ನೂ ಠೇವಣಿಯನ್ನೂ ಕೇಳುವ ಅಧಿಕಾರವು ಅದರಲ್ಲಿತ್ತು. ರಿಪ್ಪನ್ನರ ಆಡಳಿತದಲ್ಲಿ ಅದು ರದ್ದಾಯಿತಾದರೂ ಅದರ ಹಿಂದಿನ ಭೀತಿಯು ಅಳಿಯಲಿಲ್ಲ. 1908ರ ಜೂನಿನಲ್ಲಿ, ನೋಂದಣಿ ಶಾಸನಕ್ಕಿಂತ ಆರು ತಿಂಗಳು ಮುಂಚಿತವಾಗಿ, ಅಪರಾಧಕ್ಕೆ ಪ್ರಚೋದಿಸುವ ವೃತ್ತಪತ್ರಿಕೆಗಳ ಮುದ್ರಣಾಲಯವನ್ನೇ ಮುಟ್ಟುಗೋಲು ಹಾಕಿಕೊಳ್ಳುವ ಶಾಸನವು ಹೊರಟಿತು. ಅದೇ ತಿಂಗಳು ಟಿಳಕರ ಬಂಧನವಾಗಿ, ಮುಂದಿನ ತಿಂಗಳು ಆರು ವರ್ಷಗಳ ಶಿಕ್ಷೆಯಾಯಿತು. ಮೈಸೂರು ಸಂಸ್ಥಾನವೂ ಅದೇ ವರ್ಷ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, ಪತ್ರಿಕೆ ನಡೆಯಿಸಲು ಸರ್ಕಾರದ ಅನುಮತಿ ಬೇಕೆಂಬ ವೃತ್ತಪತ್ರಿಕಾ ನಿಯಮವನ್ನು ಜಾರಿಗೆ ತಂದಿತು; ಅದನ್ನು ವಿರೋಧಿಸಿದವರಲ್ಲಿ ತಾತಯ್ಯನವರೆಂದು ನಾಡು ಗೌರವಿಸಿದ ಎಂ. ವೆಂಕಟಕೃಷ್ಣಯ್ಯನವರು ಅಗ್ರಗಣ್ಯರು. 1910ರ ಪತ್ರಿಕಾ ಶಾಸನವಂತೂ ಹೊಸ ಮುದ್ರಣಾಲಯದಿಂದ 500ರಿಂದ 2,000 ರೂಪಾಯಿಗಳ ಠೇವಣಿಯನ್ನು ಕೇಳಿ, ಅದು ಜಪ್ತಾದರೆ 10,000 ರೂಪಾಯಿಗಳ ವರೆಗೆ ಏರಿಸುವ ಅಧಿಕಾರವನ್ನು ಕೊಟ್ಟಿತು.

ಒಂದೇ ಶಾಸನಸಭೆಯು ಒಂದೇ ವರ್ಷದಲ್ಲಿ ಸ್ವತ್ತಿನ ಪುಸ್ತಕವನ್ನು ಸಕಲರಿಗೂ ತೆರೆದಿಟ್ಟು ಸುದ್ದಿಯ ಪುಟವನ್ನು ಮುಚ್ಚಲು ಹೊರಟುದರಲ್ಲಿ ಅಸಂಗತಿಯಿಲ್ಲ. ಸ್ವತ್ತಿನ ಸಂಗತಿಯು ಪ್ರಕಟವಾದರೆ ವ್ಯವಹಾರವು ನಿರ್ಭಯವಾಗಿ ನಡೆದು ಕಂದಾಯವೂ ಮುದ್ರಾಂಕದ ಆದಾಯವೂ ಬೆಳೆಯುತ್ತವೆ. ಆಡಳಿತದ ಸಂಗತಿಯು ಪ್ರಕಟವಾದರೆ ಆಡಳಿತವೇ ಪ್ರಶ್ನೆಗೆ ಒಳಗಾಗುತ್ತದೆ. ಎರಡರಲ್ಲಿಯೂ ಅಳತೆಗೋಲು ಪ್ರಭುತ್ವದ ಅನುಕೂಲವೇ. ಪ್ರಜೆಯು ಕೊಳ್ಳುವವನಾಗಿ ಬಂದಾಗ ಅವನಿಗೆ ಬಾಗಿಲು ತೆರೆದಿತ್ತು. ಕೇಳುವವನಾಗಿ ಬಂದಾಗ ಮುಚ್ಚಿತ್ತು.

ಎರಡು ತಿದ್ದುಪಡಿಗಳು

ಸ್ವಾತಂತ್ರ್ಯಾನಂತರ ಈ ಜೋಡಿಯು ಅಗಲದೆ ಸಂವಿಧಾನದೊಳಕ್ಕೇ ಬಂದಿತು. 1950ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ರೊಮೇಶ್ ಥಾಪರ್ ಮತ್ತು ಬ್ರಿಜ್ ಭೂಷಣ್ ಪ್ರಕರಣಗಳಲ್ಲಿ ಪತ್ರಿಕೆಗಳ ಪ್ರಸಾರನಿರ್ಬಂಧವನ್ನೂ ಪೂರ್ವಪರಿಶೀಲನೆಯನ್ನೂ ತೊಡೆದುಹಾಕಿತು. 1951ರಲ್ಲಿ ಪಟ್ನಾ ಉಚ್ಚ ನ್ಯಾಯಾಲಯವು ಬಿಹಾರದ ಭೂಸುಧಾರಣಾ ಶಾಸನವನ್ನು ಅಸಿಂಧುವೆಂದಿತು. ಇವೆರಡಕ್ಕೂ ಉತ್ತರವಾಗಿ 1951ರ ಜೂನ್ 18ರಂದು ಬಂದ ಮೊದಲನೆಯ ತಿದ್ದುಪಡಿಯು ಒಂದು ಕೈಯಿಂದ ಸಾರ್ವಜನಿಕ ಸುವ್ಯವಸ್ಥೆಯ ಹೆಸರಿನಲ್ಲಿ ವಾಕ್‌ಸ್ವಾತಂತ್ರ್ಯಕ್ಕೆ ಹೊಸ ಮಿತಿಯನ್ನು ಹಾಕಿತು, ಆ ಮಿತಿಯು ಯುಕ್ತವಾಗಿರಬೇಕೆಂಬ ರಕ್ಷಣೆಯನ್ನೂ ಸೇರಿಸಿತು. ಇನ್ನೊಂದು ಕೈಯಿಂದ 31ಎ ಮತ್ತು 31ಬಿ ವಿಧಿಗಳನ್ನೂ ಒಂಬತ್ತನೆಯ ಅನುಸೂಚಿಯನ್ನೂ ರಚಿಸಿ ಭೂಸುಧಾರಣೆಗೆ ಕವಚ ತೊಡಿಸಿತು. ಉಳುವವನಿಗೆ ನೆಲವನ್ನು ಕೊಡಿಸುವ ಮಹೋದ್ದೇಶವು ನ್ಯಾಯವಾದುದೇ. ಅದರ ಜೊತೆಯಲ್ಲಿ ಲೇಖಣಿಗೆ ಮಿತಿಯನ್ನು ಹೊಲಿಯುವ ಅವಶ್ಯಕತೆಯಿತ್ತೆ ಎಂಬ ಪ್ರಶ್ನೆ ಇಂದಿಗೂ ಜೀವಂತವಾಗಿದೆ.

ಈ ಪ್ರಶ್ನೆಯ ತೂಕವು ಕರ್ನಾಟಕದಲ್ಲಿ ಅನುಭವಕ್ಕೆ ಬಂದಿತು. ದೇವರಾಜ ಅರಸರ ಸರ್ಕಾರವು 1974ರಲ್ಲಿ ಭೂಸುಧಾರಣಾ ಶಾಸನವನ್ನು ತಿದ್ದಿದ ಬಳಿಕ ಗೇಣಿದಾರರು ತಾಲ್ಲೂಕು ಭೂನ್ಯಾಯಮಂಡಲಿಗಳ ಮುಂದೆ ನಮೂನೆ 7ರಲ್ಲಿ ಅರ್ಜಿ ಹಾಕಿಕೊಂಡರು. ಅಲ್ಲಿ ಗೇಣಿಗೆ ಸಾಕ್ಷಿಯಾಗಬೇಕಾದ ಪ್ರಧಾನ ದಾಖಲೆ ಪಹಣಿ; ಉಳುವವನ ಹೆಸರು ಸಾಗುವಳಿಯ ಕಲಮಿನಲ್ಲಿ ಬಿದ್ದಿಲ್ಲದಿದ್ದರೆ ಅವನ ಹಕ್ಕು ತೂಗುಯ್ಯಾಲೆಯಾಡುತ್ತಿತ್ತು. ನೆಲದ ಒಡೆತನದ ಇಂತಹ ಬೃಹತ್ ಪರಿವರ್ತನೆ ನಡೆಯುತ್ತಿದ್ದ ಹೊತ್ತಿನಲ್ಲಿಯೇ 1975ರ ಜೂನ್ 26ರಿಂದ ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆ ಬಂದಿತು. ಸಂಸತ್ತಿನ ಕಲಾಪಗಳ ವರದಿಗೆ 1956ರಿಂದ ಇದ್ದ ರಕ್ಷಣೆಯೂ ಹೋಯಿತು. ಯಾವ ಮಂಡಲಿ ನ್ಯಾಯವಾಗಿ ನಡೆಯಿತು, ಎಲ್ಲಿ ದಾಖಲೆಯನ್ನು ತಿದ್ದಲಾಯಿತು ಎಂಬುದನ್ನು ಬಯಲಿಗೆ ತರಬೇಕಾದ ವರದಿಗಾರನು, ತನ್ನ ಅವಶ್ಯಕತೆಯು ಅತ್ಯಧಿಕವಾಗಿದ್ದ ಕಾಲದಲ್ಲಿಯೇ ನಿರ್ಬಂಧಕ್ಕೊಳಗಾದನು.

1978ರ ನಲವತ್ತನಾಲ್ಕನೆಯ ತಿದ್ದುಪಡಿ ಈ ಕಥೆಯ ಮೂರನೆಯ ಸಂಧಿ. ಅದು ಸ್ವತ್ತಿನ ಮೂಲಭೂತ ಹಕ್ಕನ್ನು ತೆಗೆದು 300ಎ ವಿಧಿಯ ಕಾನೂನುಬದ್ಧ ಹಕ್ಕನ್ನಾಗಿ ಇಳಿಸಿತು. ಅದೇ ತಿದ್ದುಪಡಿಯು 361ಎ ವಿಧಿಯಿಂದ ಶಾಸನಸಭೆಗಳ ಕಲಾಪಗಳ ಸತ್ಯವಾದ ವರದಿಗೆ ಸಂವಿಧಾನದ ಆಶ್ರಯವನ್ನು ಕೊಟ್ಟಿತು. 1908ರಲ್ಲಿ ಮೇಲಿದ್ದ ತಟ್ಟೆ ಈಗ ಕೆಳಗಿಳಿಯಿತು, ಕೆಳಗಿದ್ದುದು ಮೇಲೇರಿತು. ಪ್ರಜೆಯು ಸ್ವತ್ತುಳ್ಳವನೆಂಬ ಕಾರಣದಿಂದಲ್ಲ, ಪ್ರಜೆಯೆಂಬ ಕಾರಣದಿಂದಲೇ ತಿಳಿಯಲು ಅರ್ಹನೆಂದು 1975ರ ರಾಜ್ ನಾರಾಯಣ್ ತೀರ್ಪಿನಲ್ಲಿ ಅಂಕುರಿಸಿದ ತತ್ತ್ವವು ಕರ್ನಾಟಕದ 2000ದ ಮಾಹಿತಿ ಹಕ್ಕಿನ ಶಾಸನದಲ್ಲಿಯೂ ಕೇಂದ್ರದ 2005ರ ಶಾಸನದಲ್ಲಿಯೂ ಬೆಳೆಯಿತು.

ಗಣಕಯಂತ್ರದ ಕಾಲ

ಶಾನುಭೋಗಿಕೆಯು 1961ರ ಶಾಸನದಿಂದ ಅಂತ್ಯಗೊಂಡು ಗ್ರಾಮಲೆಕ್ಕಿಗರು ಬಂದರೂ, ಕಡತದ ಗೋಪ್ಯತೆಯು ಬಹುಕಾಲ ಉಳಿಯಿತು. ಅದನ್ನು ಮುರಿದುದು ಭೂಮಿ ಯೋಜನೆ. ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳು 177 ತಾಲ್ಲೂಕುಗಳ ಕಿಯೋಸ್ಕುಗಳಿಗೆ ಬಂದು, ಹದಿನೈದು ರೂಪಾಯಿಗಳಿಗೆ ಯಾರಿಗಾದರೂ ದೊರೆಯುವಂತಾದವು. ಋಣಭಾರಪತ್ರವೂ ಕ್ರಯಪತ್ರವೂ ಕಾವೇರಿ ತಂತ್ರಾಂಶವನ್ನು ಸೇರಿದವು. ಆದರೆ ತೆರೆದಿಟ್ಟುದೆಲ್ಲವೂ ಸತ್ಯವಾಗಿರಬೇಕೆಂಬ ನಿಯಮವಿಲ್ಲ. ಮುದ್ರಾಂಕಶುಲ್ಕಕ್ಕೆ ಅಂಜಿ ಕ್ರಯಪತ್ರದಲ್ಲಿ ಬೆಲೆಯನ್ನು ಇಳಿಸಿ ಬರೆಯುವ, ಉಳಿದುದನ್ನು ನಗದಾಗಿ ಕೈಬದಲಿಸುವ ದುರಭ್ಯಾಸದಿಂದ ನೋಂದಣಿಯ ಪುಸ್ತಕವು ಒಡೆತನದ ವಿಷಯದಲ್ಲಿ ಪ್ರಾಮಾಣಿಕವಾಗಿದ್ದರೂ ಬೆಲೆಯ ವಿಷಯದಲ್ಲಿ ಅಪ್ರಾಮಾಣಿಕವಾಯಿತು. 1957ರ ಮುದ್ರಾಂಕ ಶಾಸನದ 45ಎ ಪ್ರಕರಣವೂ ಆ ಶಾಸನದಡಿ ಪ್ರಕಟವಾಗುವ ಮಾರ್ಗಸೂಚಿ ಬೆಲೆಯೂ ಈ ರೋಗಕ್ಕೆ ಹುಡುಕಿದ ಔಷಧಗಳು. ಸರ್ಕಾರವೇ ಬೆಲೆಯನ್ನು ಅಂದಾಜುಮಾಡಿ ಪ್ರಕಟಿಸಬೇಕಾಗಿ ಬಂದುದು, ಸತ್ಯವಾದ ಮಾರುಕಟ್ಟೆಯ ಮಾಹಿತಿ ನಮ್ಮಲ್ಲಿ ಎಷ್ಟು ದುರ್ಲಭವೆಂಬುದಕ್ಕೆ ಸಾಕ್ಷಿ.

2016ರ ಸ್ಥಿರಾಸ್ತಿ ನಿಯಂತ್ರಣ ಶಾಸನದಲ್ಲಿ ನಮ್ಮ ಎರಡು ಧಾರೆಗಳು ನೇರವಾಗಿ ಸಂಗಮಿಸುತ್ತವೆ. ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೊಡತಕ್ಕುದಲ್ಲ. ಕೊಟ್ಟ ಜಾಹೀರಾತಿನಲ್ಲಿ ನೋಂದಣಿಯ ಸಂಖ್ಯೆಯೂ ಪ್ರಾಧಿಕಾರದ ಜಾಲತಾಣದ ವಿಳಾಸವೂ ಇರತಕ್ಕುದು. ಸುಳ್ಳು ವಿವರವನ್ನು ನಂಬಿ ಹಣ ಹೂಡಿ ಕೆಟ್ಟವನಿಗೆ ಪರಿಹಾರ ಸಲ್ಲತಕ್ಕುದು. ಪ್ರಕಟಣೆಯ ಮೇಲಣ ಈ ನಿಯಂತ್ರಣವನ್ನು 1910ರ ಠೇವಣಿಯೊಡನೆ ಒಂದೇ ಸಾಲಿನಲ್ಲಿ ಇಡುವುದು ಅನ್ಯಾಯ. ಮಾರುವವನ ಮಾತನ್ನು ಓದುಗನು ಸಾರ್ವಜನಿಕ ದಾಖಲೆಯೊಡನೆ ಸ್ವತಃ ಒರೆಗೆ ಹಚ್ಚಿ ನೋಡುವ ಶಕ್ತಿಯನ್ನು ಇದು ಕೊಡುತ್ತದೆ. ಇದಕ್ಕೆ ವಿರುದ್ಧವಾದುದು ಕೇಂದ್ರ ಸರ್ಕಾರದ ವ್ಯವಹಾರಗಳ ಬಗೆಗಿನ ಮಾತು ಸುಳ್ಳೇ ಎಂಬುದನ್ನು ಸರ್ಕಾರದ ಘಟಕವೇ ನಿರ್ಣಯಿಸುವಂತೆ ಮಾಡಿದ 2023ರ ನಿಯಮ. ಮುಂಬಯಿ ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರಿನಲ್ಲಿ ಅದನ್ನು ತೊಡೆದುಹಾಕಿದುದು ನ್ಯಾಯೋಚಿತವಾಗಿತ್ತು.

ಉಪಸಂಹಾರ

ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿನ 2017ರ ತೀರ್ಪಿನಿಂದ ಖಾಸಗಿತನವು ಮೂಲಭೂತ ಹಕ್ಕಾಯಿತು. 2023ರ ದತ್ತಾಂಶ ರಕ್ಷಣಾ ಶಾಸನವು ಮಾಹಿತಿ ಹಕ್ಕಿನ ಶಾಸನದ ವೈಯಕ್ತಿಕ ಮಾಹಿತಿಯ ಕಲಮನ್ನು ತಿದ್ದಿತು. ಸ್ವತ್ತಿನ ದಾಖಲೆಯಲ್ಲಿ ವ್ಯಕ್ತಿಯ ಹೆಸರು ಇರದೆ ಗತಿಯಿಲ್ಲವಾದುದರಿಂದ, ಖಾಸಗಿತನದ ನೆಪದಲ್ಲಿ ಒಂದನೆಯ ಪುಸ್ತಕವು ಪುನಃ ಕಡತವಾಗುವ ಅಪಾಯವನ್ನು ನಾವು ಲಘುವಾಗಿ ಎಣಿಸಲಾಗದು. 1994ರ ರಾಜಗೋಪಾಲ್ ತೀರ್ಪು ಈ ವಿಷಯದಲ್ಲಿ ನಮಗೆ ದಾರಿದೀಪ: ಸಾರ್ವಜನಿಕ ದಾಖಲೆಯನ್ನು ಸೇರಿದ ಸಂಗತಿಯ ಪ್ರಕಟಣೆಯನ್ನು ಖಾಸಗಿತನದ ಹೆಸರಿನಲ್ಲಿ ಸಾಮಾನ್ಯವಾಗಿ ಆಕ್ಷೇಪಿಸಲಾಗದು, ಅಧಿಕಾರಿಗಳು ಪ್ರಕಟಣೆಗೆ ಮುಂಚೆ ತಡೆಯೊಡ್ಡಲೂ ಆಗದು.

ನಮ್ಮ ಭೂಕಂದಾಯ ಶಾಸನದಲ್ಲಿಯೇ ಇದಕ್ಕೆ ಅನುಕರಣೀಯವಾದ ಕ್ರಮವೊಂದಿದೆ. ಹಕ್ಕು ಬದಲಾವಣೆಯ ವರದಿಯನ್ನು ಚಾವಡಿಯಲ್ಲಿ ಅಂಟಿಸಿ, ಗೊತ್ತುಪಡಿಸಿದ ಅವಧಿಯೊಳಗೆ ತಕರಾರು ಸಲ್ಲಿಸಲು ಅವಕಾಶ ಕೊಟ್ಟು, ವಿಚಾರಿಸಿ ನಮೂದಿಸಿದ ಬಳಿಕವೂ ಆ ನಮೂದು ತಪ್ಪೆಂದು ಸಿದ್ಧಪಡಿಸುವ ತನಕ ಮಾತ್ರವೇ ಸತ್ಯವೆಂದು 133ನೆಯ ಪ್ರಕರಣವು ಭಾವಿಸುತ್ತದೆ. ಪಹಣಿಗೆ ವಿಶ್ವಾಸಾರ್ಹತೆ ಬಂದುದು ಸರ್ಕಾರದ ಮೊಹರಿನಿಂದಲ್ಲ, ಯಾರು ಬೇಕಾದರೂ ನೋಡಿ ಪ್ರಶ್ನಿಸಬಹುದೆಂಬ ಈ ವ್ಯವಸ್ಥೆಯಿಂದ. ಸುದ್ದಿಗೂ ಇದೇ ನ್ಯಾಯವು ಸಲ್ಲಬೇಕು: ಮೊದಲು ಪ್ರಕಟಣೆ, ಅನಂತರ ತಕರಾರು, ಕೊನೆಗೆ ಸ್ವತಂತ್ರವಾದ ನ್ಯಾಯಪೀಠದ ಮುಂದೆ ಹೊಣೆ. ನೆಲದ ವಿಷಯದಲ್ಲಿ ನೂರು ವರ್ಷಗಳಿಗೂ ಹಿಂದೆ ಒಪ್ಪಿಕೊಂಡ ಈ ವಿಧಾನವನ್ನು ಮಾತಿನ ವಿಷಯದಲ್ಲಿಯೂ ಒಪ್ಪಿಕೊಂಡಲ್ಲದೆ ನಮ್ಮ ಗಣರಾಜ್ಯವು ತನ್ನ ಪ್ರಜೆಗಳನ್ನು ಪೂರ್ಣವಾಗಿ ನಂಬಿದಂತಾಗುವುದಿಲ್ಲ.